ಕಿಂಡಿಯಾಚೆಯ ಎರಡನೇ ಚಂದ್ರ

ಬೆಳಕು ಹರಿಯುವ ಹೊತ್ತಿಗೆ ಆ ಕೋಣೆಯಲ್ಲಿ ಫ್ಯಾನು ತಿರುಗುವುದಿಲ್ಲ, ಯಾರೂ ಚಪ್ಪಲಿ ಎಳೆದುಕೊಂಡು ನಡೆಯುವುದಿಲ್ಲ, ಸೀನು ಬಂದವರು ಹೊರಗೆ ಓಡುತ್ತಾರೆ. ರಾತ್ರಿಯಿಡೀ ನೆಲಕ್ಕಿಳಿದ ಧೂಳು ಮತ್ತೆ ಏಳುವ ಮೊದಲು ಆದಷ್ಟು ಕೆಲಸ ಮುಗಿಸಿಕೊಳ್ಳಬೇಕು. ಮೂಲೆಯ ತಗ್ಗು ಮೇಜಿನ ಮುಂದೆ ಕೂತ ಹೆಂಗಸು, ಅಂಗಿಯ ಗುಂಡಿಯಷ್ಟಗಲದ ನೀಲಿ ಬಿಲ್ಲೆಯೊಂದನ್ನು ಚಿಮುಟದಲ್ಲಿ ಹಿಡಿದು ಸ್ಪಿರಿಟ್ಟಿನಲ್ಲಿ ಅದ್ದುತ್ತಾರೆ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ, ಸಮಾಧಾನವಾಗದೆ ಮತ್ತೆ ಅದ್ದುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಒಂದು ಕೂದಲೂ ಹಾರದಂತೆ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಾರೆ. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಇವರು ಹುಣ್ಣಿಮೆಯಕ್ಕ.

ಇಲ್ಲಿ ತಯಾರಾಗುವುದು ಸಿರಿವಂತರ ಕೈಗಡಿಯಾರ. ಅದರ ಡಯಲಿನ ಕೆಳಭಾಗದಲ್ಲಿ ಒಂದು ಕಿಂಡಿ, ಕಿಂಡಿಯೊಳಗೆ ಒಬ್ಬ ಚಂದ್ರ. ಆಕಾಶದವನು ಹೇಗೆ ಬೆಳೆದು ಕರಗುತ್ತಾನೋ ಇವನೂ ಹಾಗೆಯೇ. ಕೊಳ್ಳುವ ಎಷ್ಟೋ ಜನರಿಗೆ ಗೊತ್ತಿಲ್ಲದ ಗುಟ್ಟೆಂದರೆ, ಹಿಂದೆ ನಿಧಾನವಾಗಿ ತಿರುಗುವ ಬಿಲ್ಲೆಯ ಮೇಲೆ ಚಂದ್ರರು ಇಬ್ಬರು. ಒಬ್ಬ ಒಂದು ತಿಂಗಳು ಮುಖ ತೋರಿಸಿ ಮರೆಯಾದರೆ, ಮುಂದಿನ ತಿಂಗಳು ಇನ್ನೊಬ್ಬನ ಸರದಿ. ಇಬ್ಬರೂ ಒಟ್ಟಿಗೆ ಕಾಣುವ ಮಾತೇ ಇರಲಿಲ್ಲ.

ಮೆಣಸಿನಕಾಳಿನಷ್ಟು ದೊಡ್ಡ ಆ ಚಂದ್ರರಿಗೆ ಕಣ್ಣು, ಮೂಗು, ಬಾಯಿ ಬರೆಯುತ್ತಿದ್ದವರು ಹುಣ್ಣಿಮೆಯಕ್ಕ. ಅಲಾರಂ ಗಡಿಯಾರಕ್ಕೆ ಅಂಕಿ ಬರೆಯಲು ಬಂದ ಹುಡುಗಿ, ಮದುವೆಯಾಗಿ, ಮಗನನ್ನು ಹೆತ್ತು, ಅವನು ಬಸ್ ಡ್ರೈವರ್ ಆಗುವವರೆಗೂ ಕಿಟಕಿ ಪಕ್ಕದ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಗಂಡ ಇದೇ ಕಾರ್ಖಾನೆಯ ಗೇಟು ಕಾದವರು, ಈಗ ಮನೆಯಲ್ಲಿ ಹಾಲು ಉಕ್ಕದಂತೆ ಕಾಯುತ್ತಾರೆ. ಕೆಲಸ ಮುಗಿಯುವವರೆಗೆ ಅಕ್ಕ ಟೀ ಮುಟ್ಟುತ್ತಿರಲಿಲ್ಲ. "ಟೀ ಕುಡಿದ್ರೆ ಕೈ ಕುಣಿಯುತ್ತೆ. ಉಸಿರು ಹಿಡಿದು ಬರೆದ್ರೆ ಚಂದ್ರ ನಗ್ತಾನೆ. ಮಧ್ಯದಲ್ಲಿ ಉಸಿರಾಡಿಬಿಟ್ರೆ ಹಲ್ಲು ಕಿರೀತಾನೆ" ಎನ್ನುತ್ತಾರೆ.

ಈಗ ಆ ಕುರ್ಚಿಯಲ್ಲಿ ಕೂತಿರುವುದು ಅವರ ಸೊಸೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಇಲ್ಲಿ ನಡೆದದ್ದು ಅಷ್ಟು ಸಲೀಸಿನ ಕಥೆಯಲ್ಲ.

ದಿನಕ್ಕೆ ಹನ್ನೆರಡು ಬಿಲ್ಲೆ ಮುಗಿಸಬೇಕು, ಆಗದಿದ್ದರೆ ಕುರ್ಚಿ ಬಿಡಬೇಕು. ಮೂರು ವರ್ಷದ ಹಿಂದೆ ಅಕ್ಕನ ಹೆಬ್ಬೆರಳು ಮರಗಟ್ಟತೊಡಗಿತು. ಅರ್ಧ ಕೆಲಸಕ್ಕೇ ಕೈ ಸೋಲುತ್ತಿತ್ತು. ಆಗ ಬಿಲ್ಲೆ ತೊಳೆಯುವ ಕೆಲಸದಲ್ಲಿದ್ದವಳು ಈ ಸೊಸೆ. ಅತ್ತೆಯ ಕೈ ನೋಡಿ ನೋಡಿ ಬರವಣಿಗೆ ಕಲಿತಿದ್ದಳು. ಬೆಳಗಿನ ಆ ಹೊತ್ತಿನಲ್ಲಿ ಆಗ ಕೋಣೆಯಲ್ಲಿ ಇರುತ್ತಿದ್ದವರು ಇವರಿಬ್ಬರೇ. ಪ್ರತಿ ಬಿಲ್ಲೆಯ ಮೊದಲ ಚಂದ್ರನನ್ನು ಅತ್ತೆ ಬರೆದರು, ಎರಡನೆಯವನನ್ನು ಸೊಸೆ. 'ಒಂದು ಬಿಲ್ಲೆಗೆ ಒಂದೇ ಕೈ' ಎಂಬುದು ಅಲ್ಲಿಯ ಕಟ್ಟುನಿಟ್ಟು. ಆದರೆ ಪರೀಕ್ಷಿಸುವವರು ನೋಡುವುದು ಕಿಂಡಿಯಲ್ಲಿ ಕಾಣುವ ಮೊದಲನೆಯವನನ್ನು. ಎರಡನೆಯವನು ಹೊರಗೆ ಬರುವುದು ತಿಂಗಳ ನಂತರ, ಯಾರದೋ ಕೈಮೇಲೆ. ಅತ್ತೆಯ ಚಂದ್ರ ತುಟಿಯಂಚಿನಲ್ಲಿ ನಗುತ್ತಾನೆ, ಸೊಸೆಯ ಚಂದ್ರ ಏನನ್ನೋ ಕೇಳಲು ಹೊರಟವನಂತೆ ಗಂಭೀರವಾಗಿ ನೋಡುತ್ತಾನೆ. ಯಾರೂ ಗಮನಿಸಲಿಲ್ಲ.

ಹೀಗಿರುವಾಗ ಗಡಿಯಾರಕ್ಕೆ ಹೊಸ ರೂಪ ಕೊಡಬೇಕೆಂದು ಕಂಪನಿ ತೀರ್ಮಾನಿಸಿತು. ವಿನ್ಯಾಸಕಾರ ಒಳ್ಳೆಯ ಮನುಷ್ಯ, ಯೋಚನೆಯೂ ಚಂದದ್ದೇ. ಕಿಂಡಿಯನ್ನು ತೆಗೆದು ಡಯಲಿನ ಕೆಳಗಿನ ಅರ್ಧವನ್ನೇ ತೆರೆದುಬಿಡುವುದು. ಒಬ್ಬ ಚಂದ್ರ ಮುಳುಗುತ್ತಿರುವಾಗಲೇ ಇನ್ನೊಬ್ಬ ಏಳುವುದು ಕಾಣಬೇಕು. ನಕ್ಷೆ ನೋಡಿದ ಅಕ್ಕ ಸೊಸೆಯನ್ನು ಪಕ್ಕಕ್ಕೆ ಕರೆದರು. ನಗುವವನೂ ಗಂಭೀರನೂ ಅಕ್ಕಪಕ್ಕ ನಿಂತರೆ ಗುಟ್ಟು ರಟ್ಟಾಯಿತೆಂದೇ ಅರ್ಥ.

ಮಾದರಿ ಬಿಲ್ಲೆಗೆ ಇಬ್ಬರು ಚಂದ್ರರನ್ನೂ ಅಕ್ಕ ತಾವೇ ಬರೆಯಲು ಹೊರಟರು, ಮೂರು ವರ್ಷದಲ್ಲಿ ಇನ್ನಷ್ಟು ಮರಗಟ್ಟಿದ್ದ ಹೆಬ್ಬೆರಳು ಮಾತು ಕೇಳಲಿಲ್ಲ. ಅತ್ತೆಯ ನಗುವನ್ನು ನಕಲು ಮಾಡಲು ಸೊಸೆ ಕೂತಳು. "ಅದು ನಗು ಅಲ್ಲ ಕಣೇ, ಹಲ್ಲುನೋವು" ಎಂದು ಅತ್ತೆ ಅಳಿಸಿದರು. ಕೊನೆಗೆ ಸೊಸೆಯೇ ದಾರಿ ತೋರಿಸಿದಳು: "ಎರಡೂ ನನ್ನ ಥರಾನೇ ಬರೀತೀನಿ ಅತ್ತೆ. ನಿಮ್ಮ ಹೆಸರಲ್ಲೇ ಹೋಗ್ಲಿ. ಯಾರಿಗೆ ಗೊತ್ತಾಗತ್ತೆ?" ಅತ್ತೆ ಒಪ್ಪಿದರು. ಕುರ್ಚಿ ಉಳಿಯಬೇಕಿತ್ತಲ್ಲ.

ವಿನ್ಯಾಸಕಾರ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಸೂಪರ್‌ವೈಸರ್ ಪಕ್ಕದಲ್ಲೇ ಇದ್ದರು. "ಅಮ್ಮಾ, ಇಷ್ಟು ವರ್ಷದಲ್ಲಿ ನೀವು ಬರೆದಿರೋದ್ರಲ್ಲಿ ಇದೇ ಚೆನ್ನಾಗಿದೆ" ಎಂದರು ವಿನ್ಯಾಸಕಾರ. ಆ ಗಳಿಗೆಯನ್ನು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ಮೊದ್ಲು ಹೊಟ್ಟೆಕಿಚ್ಚು, ಆಮೇಲೆ ನಾಚಿಕೆ. ಸುಮ್ನಿದ್ರೆ ಮುಗೀತಿತ್ತು. ಬಾಯಿ ನಿಲ್ಲಲಿಲ್ಲ. ಸಾರ್, ಅದು ನನ್ನ ಕೈಯಲ್ಲ, ಅಲ್ಲಿ ಬಿಲ್ಲೆ ತೊಳೀತಾ ನಿಂತಿದಾಳಲ್ಲ, ಅವಳದ್ದು ಅಂದ್ಬಿಟ್ಟೆ." ಅಷ್ಟಕ್ಕೇ ನಿಲ್ಲಿಸದೆ ಮೂರು ವರ್ಷದ್ದನ್ನೂ ಹೇಳಿದರು. ಸೂಪರ್‌ವೈಸರ್ ಮುಖ ಸುಟ್ಟ ಬದನೆಕಾಯಿಯಾಯಿತು. ಇಬ್ಬರನ್ನೂ ಮನೆಗೆ ಕಳಿಸಿದರು.

ಮನೆಯಲ್ಲಿ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಬಾಯಿ ಮುಚ್ಕೊಂಡಿದ್ರೆ ಇಬ್ಬರಿಗೂ ಕೆಲಸ ಇರ್ತಿತ್ತು ಅಂತ ಕೂಗಾಡಿದೆ" ಎಂದು ಸೊಸೆ ಈಗ ತಲೆ ತಗ್ಗಿಸಿ ಹೇಳುತ್ತಾಳೆ. ವಾರ ಕಳೆಯುವಷ್ಟರಲ್ಲಿ ಕರೆ ಬಂತು. ಹೊಸ ಗಡಿಯಾರಕ್ಕೆ ಸೊಸೆಯ ಕೈಯೇ ಬೇಕು, ಕಿಟಕಿಯ ಕುರ್ಚಿ ಅವಳದ್ದು. ಅಕ್ಕನಿಗೆ ಬೇಕಿದ್ದರೆ ತೊಳೆಯುವ ಮೇಜು, ಬೇಡದಿದ್ದರೆ ಮನೆ. ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದವರು ಅವರೇ.

"ಆ ಕುರ್ಚೀಲಿ ಕೂರೋಕೆ ನನಗೆ ಮನಸ್ಸೇ ಬರ್ಲಿಲ್ಲ" ಎನ್ನುತ್ತಾಳೆ ಸೊಸೆ. "ಅತ್ತೇನೇ ಭುಜ ಹಿಡಿದು ಕೂರಿಸಿದ್ರು. ಇಷ್ಟು ವರ್ಷ ತಾವು ಅದ್ರಲ್ಲಿ ಹಾಕ್ಕೊಂಡು ಕೂರ್ತಿದ್ದ ದಿಂಬು ಮಾತ್ರ ಎತ್ಕೊಂಡು ಹೋದ್ರು."

ದಿಂಬು ಈಗ ತಗ್ಗು ಮೇಜಿನ ಸ್ಟೂಲಿನ ಮೇಲಿದೆ. ಅದರ ಮೇಲೆ ಕೂತು ಅಕ್ಕ ತೊಳೆದ ಬಿಲ್ಲೆಗಳು ಒಂದೊಂದಾಗಿ ಕಿಟಕಿಯ ಕಡೆ ಹೋಗುತ್ತವೆ. ಟೀ ಕುಡಿಯಲು ಈಗ ಅಡ್ಡಿಯಿಲ್ಲ, ಎರಡೆರಡು ಲೋಟ ಇಳಿಸುತ್ತಾರೆ. ಹಳೆಯ ಗಡಿಯಾರವೊಂದನ್ನು ಯಾರದಾದರೂ ಕೈಯಲ್ಲಿ ನೋಡುವ ಆಸೆ ಅವರಿಗೆ. "ಆ ಮೂರು ವರ್ಷದ್ದು ಸಿಗಬೇಕು. ಒಂದು ತಿಂಗಳು ನಾನು, ಒಂದು ತಿಂಗಳು ಅವಳು. ಎಲ್ಲೆಲ್ಲೋ ಇನ್ನೂ ತಿರುಗ್ತಾ ಇದೀವಿ."

ಕುರ್ಚಿ ಹೋದದ್ದಕ್ಕೆ ಬೇಸರವಿಲ್ಲವೇ ಎಂದರೆ ಕೈಯಲ್ಲಿದ್ದ ಚಿಮುಟ ಕೆಳಗಿಡುತ್ತಾರೆ.

"ಇದೆ. ಸುಳ್ಳು ಯಾಕೆ ಹೇಳ್ಲಿ? ಬೆಳಿಗ್ಗೆ ಬಂದ ತಕ್ಷಣ ಇವತ್ತಿಗೂ ಕಾಲು ಆ ಕಡೆಗೇ ಹೋಗತ್ತೆ. ಆದ್ರೆ ಅವತ್ತು ಆ ಹೊಗಳಿಕೆ ನುಂಗಿಕೊಂಡು ಮನೆಗೆ ಹೋಗಿದ್ದಿದ್ರೆ, ರಾತ್ರಿ ಅವಳು ಬಡಿಸಿದ್ದು ನನ್ನ ಗಂಟಲಲ್ಲಿ ಇಳೀತಿತ್ತಾ?"