ನಾಲ್ಕು ಡ್ರಮ್ಮಿನ ಬಾಯಿಗೆ ಅರಗಿನ ಮುದ್ರೆ

ಇದು ನಡೆದದ್ದು 1993ರ ಬೇಸಿಗೆಯಲ್ಲಿ. ಆಗ ನನಗೆ ಮೂವತ್ನಾಲ್ಕು ವರ್ಷ. ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿಯ ಗಂಡನ ಮನೆಯಲ್ಲಿ ದ್ರಾಕ್ಷಿಯಿಂದ ವೈನ್ ಮಾಡುತ್ತೇನೆಂದು ಹೊರಟಿದ್ದೆ. ನಮ್ಮ ಸೀಮೆಯಲ್ಲಿ ಇಂಥ ಉದ್ಯಮಕ್ಕೆ ಕೈಹಾಕಿದ ಮೊದಲ ಹೆಂಗಸು ಎಂದು ಈಗ ಸಭೆಗಳಲ್ಲಿ ಶಾಲು ಹೊದಿಸಿ ಹೇಳುತ್ತಾರೆ. ಆಗ ಹೇಳುತ್ತಿದ್ದದ್ದೇ ಬೇರೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನೇನೂ ಹುಚ್ಚಾಟಕ್ಕೆ ಹೊರಟವಳಲ್ಲ. ಓದಿದ್ದು ಆಹಾರ ವಿಜ್ಞಾನ. ಎಂಟು ವರ್ಷ ಒಂದು ವೈನ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿದಿದ್ದೆ. ಅಲ್ಲಿದ್ದ ಒಬ್ಬಳೇ ಹೆಂಗಸು ನಾನು. ಬಂದವರೆಲ್ಲ ನನ್ನನ್ನು ಟೈಪಿಸ್ಟ್ ಅಂದುಕೊಂಡು ಕೈಗೆ ಕಾಗದ ಕೊಟ್ಟು ಹೋಗುತ್ತಿದ್ದರು. ನಮ್ಮ ಯಜಮಾನರಿಗೆ ಯಳಂದೂರಿನಲ್ಲಿ ಹೈಸ್ಕೂಲು ಮೇಷ್ಟರ ಕೆಲಸ ಸಿಕ್ಕಿ ನಾವು ಊರಿಗೆ ಬಂದಾಗ, ಕಲಿತ ವಿದ್ಯೆಗೆ ತುಕ್ಕು ಹಿಡಿಯಬಾರದು ಎಂದು ಎರಡು ಎಕರೆಗೆ ನೀಲಿ ದ್ರಾಕ್ಷಿ ಹಾಕಿಸಿದೆ.

ಜಾಗವೂ ಸಿಕ್ಕಿತು. ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಹುಳುಮನೆ ಖಾಲಿ ಬಿದ್ದಿತ್ತು. ದಪ್ಪ ಗೋಡೆ, ಎತ್ತರದ ಕಿಟಕಿ. ಗೋಣಿಚೀಲ ಒದ್ದೆ ಮಾಡಿ ಇಳಿಬಿಟ್ಟರೆ ಏಪ್ರಿಲ್‌ನಲ್ಲೂ ಒಳಗೆ ತಣ್ಣಗಿರುತ್ತಿತ್ತು. ವೈನಿಗೂ ಬೇಕಾದ್ದು ಅದೇ. ಆ ಮನೆಯಲ್ಲಿ ಮೂವತ್ತು ವರ್ಷ ಹುಳು ಸಾಕಿದವರು ನಮ್ಮತ್ತೆ. ಮಂಡಿನೋವು ಬಂದ ಮೇಲೆ ಬಿಟ್ಟಿದ್ದರು. ಅವರದು ಕಟ್ಟುನಿಟ್ಟಿನ ಶಿವಪೂಜೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ.

"ಉಳ ಸಾಕಿದ್ ಮನೇಲಿ ಎಂಡ ಕಾಯಿಸ್ತೀಯಾ ಕೂಸೇ?" ಎಂದು ಕೇಳಿದರು.

"ಕಾಯಿಸೋದಲ್ಲ ಅತ್ತೆಮ್ಮ, ಹುದುಗಿಸೋದು."

"ಅದ್ಕೆ ಏನೋ ಒಂದ್ ಎಸ್ರು ಇಟ್ಕ" ಎಂದು ಬೀಗದ ಕೈ ನನ್ನ ಮುಂದೆ ಇಟ್ಟರು. ಆಮೇಲೆ ಆ ಕಡೆ ಕಾಲಿಡಲಿಲ್ಲ. ಹುಳುಮನೆಯ ಕಡೆಯಿಂದ ಗಾಳಿ ಬೀಸಿದರೆ ಸೆರಗು ಮೂಗಿಗೆ ಹೋಗುತ್ತಿತ್ತು.

ಲೈಸೆನ್ಸಿಗೆ ಮೂರು ವರ್ಷ ಅಲೆದೆ. ಅಬಕಾರಿ ಕಚೇರಿಯ ಗುಮಾಸ್ತರು ಪ್ರತಿ ಸಲವೂ "ಯಜಮಾನ್ರನ್ನ ಕರ್ಕಂಡ್ ಬನ್ನಿ" ಅನ್ನುವರು. ಒಂದು ದಿನ ರಜೆ ಹಾಕಿಸಿ ಕರೆದುಕೊಂಡೇ ಹೋದೆ. ನಮ್ಮವರು "ನಂಗೆ ಇದ್ರಲ್ಲಿ ಏನೂ ಗೊತ್ತಿಲ್ಲ ಸಾರ್, ಅವಳನ್ನೇ ಕೇಳಿ" ಎಂದರು. ಗುಮಾಸ್ತರು ತಲೆ ಆಡಿಸಿ, ಮುಂದಿನ ಪ್ರಶ್ನೆಯನ್ನೂ ಅವರನ್ನೇ ಕೇಳಿದರು. ಉತ್ತರ ನಾನು ಹೇಳುವುದು, ಅವರು ನಮ್ಮ ಯಜಮಾನರ ಮುಖ ನೋಡಿಕೊಂಡು ಬರೆದುಕೊಳ್ಳುವುದು. ಮನೆಗೆ ಬಂದು ಒಂದು ಚೊಂಬು ನೀರು ಕುಡಿದರೂ ನನ್ನ ಮೈಯುರಿ ಆರಲಿಲ್ಲ.

ಕೊನೆಗೂ ಒಂದು ಕಾಗದ ಬಂತು. ಮೊದಲು ಪರೀಕ್ಷೆಗೆಂದು ನಾಲ್ಕು ಡ್ರಮ್ಮು ವೈನ್ ಮಾಡಬೇಕು. ಇನ್ಸ್‌ಪೆಕ್ಟರು ಬಂದು ಅವಕ್ಕೆ ಮೊಹರು ಹಾಕುತ್ತಾರೆ. ತಯಾರಾದ ಮೇಲೆ ಅವರೇ ಮೊಹರು ತೆಗೆದು ಮಾದರಿ ಕಳಿಸುತ್ತಾರೆ. ಅದು ಪಾಸಾದರೆ ಲೈಸೆನ್ಸು. ಮಧ್ಯೆ ಯಾರಾದರೂ ಮೊಹರು ಮುಟ್ಟಿದರೆ ಅರ್ಜಿ ವಜಾ, ಮೇಲೆ ಒಂದು ಕೇಸು.

ದ್ರಾಕ್ಷಿ ಕೊಯ್ದು, ಜಜ್ಜಿ, ಈಸ್ಟ್ ಬೆರೆಸಿ ಡ್ರಮ್ಮುಗಳಿಗೆ ತುಂಬಿಸಿದ ದಿನ ಮಧ್ಯಾಹ್ನ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದರು. ಐವತ್ತರ ಆಸುಪಾಸಿನ ದಪ್ಪನೆಯ ಮನುಷ್ಯ. ಕೈಯಲ್ಲಿ ಅರಗಿನ ಕಡ್ಡಿ, ದಾರ, ಹಿತ್ತಾಳೆಯ ಮುದ್ರೆ. ಡ್ರಮ್ಮುಗಳ ಮುಚ್ಚಳಕ್ಕೆ ನಾನು ಕಬ್ಬಿಣದ ಪಟ್ಟಿ ಬಿಗಿದಿದ್ದೆ. ಮುಚ್ಚಳದ ನಡುವಿನಿಂದ ಒಂದು ರಬ್ಬರ್ ನಳಿಕೆ ಹೊರಗೆ ಬಂದು, ಅದರ ತುದಿ ಪಕ್ಕದ ನೀರಿನ ಬಾಟಲಿಯಲ್ಲಿ ಮುಳುಗಿತ್ತು. ರಸ ಹುದುಗುವಾಗ ಗಾಳಿ ಹುಟ್ಟುತ್ತದೆ. ಅದು ನಳಿಕೆಯಲ್ಲಿ ಬಂದು ನೀರಿನಲ್ಲಿ ಗುಳುಗುಳು ಎಂದು ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಇದಿಷ್ಟೇ ವಿಷಯ.

"ಇದೇನಮ್ಮ, ಎಳನೀರಿಗೆ ಕೊಳವೆ ಇಟ್ಟಂಗೆ? ಬಾಯಿಗಿಟ್ಟು ಎಳ್ದ್ರೆ ಬೆಳಗಾಗೋದ್ರೊಳ್ಗೆ ಡ್ರಮ್ ಖಾಲಿ!" ಎನ್ನುತ್ತಾ ಇನ್ಸ್‌ಪೆಕ್ಟರು ನಳಿಕೆಯನ್ನು ಬಾಟಲಿಯಿಂದ ಎಳೆದು, ಮಡಚಿ, ದಾರ ಸುತ್ತತೊಡಗಿದರು.

ನಾನು ಹೌಹಾರಿದೆ. "ಸಾರ್, ಅದನ್ನ ಮುಚ್ಚಬಾರದು. ಗಾಳಿ ಹೊರಗೆ ಹೋಗದಿದ್ರೆ ಡ್ರಮ್ ಸಿಡಿಯುತ್ತೆ."

"ನೋಡಮ್ಮ, ನಂಗೆ ಇಪ್ಪತ್ತೆರಡು ವರ್ಸ ಸರ್ವೀಸಾಗದೆ. ಸಾರಾಯಿ ಪೀಪಾಯಿಗೆ ಎಷ್ಟ್ ಮೊಹರು ಆಕಿದ್ದೀನಿ ಲೆಕ್ಕ ಇಲ್ಲ. ಉಸಿರಾಡೋ ಪೀಪಾಯಿ ನಾ ಎಲ್ಲೂ ನೋಡಿಲ್ಲ."

"ಸಾರಾಯಿ ಆಗಲೇ ತಯಾರಾಗಿರುತ್ತೆ ಸಾರ್. ಇದು ಈಗ ತಯಾರಾಗ್ತಾ ಇದೆ" ಎಂದೆ. ಪುಸ್ತಕ ತಂದು ಚಿತ್ರ ತೋರಿಸಿದೆ. ಅವರು ಪುಸ್ತಕವನ್ನು ತಿರುವಿ ಹಾಕಿ, ಬೆಲೆ ಎಷ್ಟು ಎಂದು ಕೇಳಿ ವಾಪಸು ಕೊಟ್ಟರು. ನಾಲ್ಕೂ ನಳಿಕೆಗಳಿಗೆ ಅರಗು ಬಿತ್ತು. "ಮುಟ್ಟಂಗಿಲ್ಲ" ಎಂದು ಬೆರಳು ತೋರಿಸಿ ಹೋದರು.

ಮಾರನೆಯ ಬೆಳಿಗ್ಗೆ ನೋಡಿದರೆ ಮುಚ್ಚಳಗಳು ಆಗಲೇ ಉಬ್ಬಿದ್ದವು. ಮೊಹರು ಕಿತ್ತರೆ ಮೂರು ವರ್ಷದ ಓಡಾಟ ಮಣ್ಣುಪಾಲು. ಕೀಳದಿದ್ದರೆ ವೈನೇ ನೆಲದ ಪಾಲು. ಯಜಮಾನರು ಶಾಲೆಗೆ ಹೋಗಿಯಾಗಿತ್ತು. ಅತ್ತೆಗೆ "ಹುಳುಮನೆ ಕಡೆ ಯಾರನ್ನೂ ಬಿಡಬೇಡಿ, ಡ್ರಮ್ ಸಿಡಿದರೂ ಸಿಡಿಯಬಹುದು" ಎಂದು ಹೇಳಿ ಕೊಳ್ಳೇಗಾಲದ ಬಸ್ಸು ಹತ್ತಿದೆ.

"ಆ ವಾಸ್ನೆ ತಾವ್ಕೆ ನಾನ್ಯಾಕ್ ಓಗ್ಲಿ" ಎಂದು ಅತ್ತೆ ಗೊಣಗಿದ್ದು ಬೆನ್ನ ಹಿಂದೆ ಕೇಳಿಸಿತು.

ಕಚೇರಿಯಲ್ಲಿ ಇನ್ಸ್‌ಪೆಕ್ಟರು ಇರಲಿಲ್ಲ. ತಮಿಳುನಾಡಿನ ಗಡಿ ತಪಾಸಣೆಗೆಂದು ಮಾರ್ಟಳ್ಳಿಗೆ ಹೋಗಿದ್ದಾರೆ, ಬರುವುದು ಮೂರು ದಿನ ಎಂದರು ಗುಮಾಸ್ತರು. ಬೇರೆ ಯಾರಾದರೂ ಬಂದು ಮೊಹರು ತೆಗೆಯಲಿ ಎಂದೆ. "ಆಕಿದವ್ರೇ ತೆಗೀಬೇಕು." ಹಾಗಾದರೆ ನಾನು ಏನು ಮಾಡಲಿ ಎಂದೆ. "ಒಂದ್ ಅರ್ಜಿ ಬರ್ದ್ ಕೊಡಿ." ಬರೆದು ಕೊಟ್ಟೆ. ಮೂರು ಪ್ರತಿ ಬೇಕೆಂದರು. ಇನ್ನೆರಡು ಬರೆದೆ. ಮೂರನ್ನೂ ಓದಿ, "ಯಜಮಾನ್ರ ಸೈನು?" ಎಂದರು. ನಾನು ಏನು ಹೇಳಿದೆನೋ ನೆನಪಿಲ್ಲ, ಪಕ್ಕದ ಮೇಜಿನವರೂ ಎದ್ದು ನಿಂತರು. ಅಲ್ಲಿಂದ ಸೀದಾ ಬಸ್‌ಸ್ಟ್ಯಾಂಡಿಗೆ ನಡೆದೆ.

ಮಾರ್ಟಳ್ಳಿಗೆ ಹೋಗಲು ಹತ್ತಿದ ಹನೂರಿನ ಬಸ್ಸು ಹೋಗುವುದು ನಮ್ಮೂರ ಮೇಲೆಯೇ. ನಮ್ಮ ಮನೆಯ ತೆಂಗಿನ ಮರ ಕಿಟಕಿಯಲ್ಲಿ ಕಂಡು ಹಿಂದೆ ಹೋಯಿತು. ಇಳಿದು ಓಡಿಹೋಗಿ ಕತ್ತರಿಸಿಬಿಡಲೇ ಅನ್ನಿಸಿತು. ಸೀಟಿನ ಕಂಬಿ ಹಿಡಿದು ಕೂತೆ. ಹನೂರಿನಲ್ಲಿ ಮಾರ್ಟಳ್ಳಿಯ ಬಸ್ಸು ಜನ ತುಂಬುವ ತನಕ ಹೊರಡಲಿಲ್ಲ. ಹೊರಟ ಮೇಲೂ ಯಾರದೋ ಮದುವೆಯ ಪಾತ್ರೆಗಳನ್ನು ಮೇಲೆ ಹತ್ತಿಸಲು ನಿಂತಿತು. ಒಂದೊಂದು ಪಾತ್ರೆ ಟಾಪಿಗೆ ಬಿದ್ದು ದಡ್ ಎಂದಾಗಲೂ ನನಗೆ ಡ್ರಮ್ಮೇ ಸಿಡಿದಂತಾಗುತ್ತಿತ್ತು.

ಮಾರ್ಟಳ್ಳಿಯಲ್ಲಿ ತಪಾಸಣೆಯ ಕಂಬದ ಹತ್ತಿರ ಜೀಪು ನಿಂತಿತ್ತು, ಮನುಷ್ಯ ಇಲ್ಲ. ಎದುರಿನ ಅಂಗಡಿಯಾತ "ಸಾರ್ ಸಾಪ್ಪಿಡ ಪೋಯಿರುಕ್ಕಾರ್ ಅಮ್ಮಾ, ಊಟಕ್ಕೆ ಓಗವ್ರೆ" ಎಂದು ಎರಡೂ ಭಾಷೆಯಲ್ಲಿ ಹೇಳಿದ. ಮೆಸ್ಸಿಗೆ ಹೋದೆ. ಇನ್ಸ್‌ಪೆಕ್ಟರು ತಿಳಿಸಾರಿನ ಅನ್ನಕ್ಕೆ ಬಂದಿದ್ದರು. ನಾನು ಎಲ್ಲವನ್ನೂ ಹೇಳುವಷ್ಟರಲ್ಲಿ ಮಜ್ಜಿಗೆಗೆ ಬಂದರು.

"ಉಬ್ಬಿದ್ರೆ ಇಳೀತದೆ ಬುಡಮ್ಮ. ಗುರುವಾರ ಬತ್ತೀನಿ."

ಆಗ ನನಗೆ ಎಲ್ಲಿತ್ತೋ ಸಿಟ್ಟು. "ಆಗಲಿ ಸಾರ್. ಸಿಡಿದು ಯಾರಿಗಾದರೂ ಏಟಾದರೆ ಪೊಲೀಸರು ಬರ್ತಾರೆ. ಮೊಹರಿನ ಮೇಲೆ ಇರೋದು ನನ್ನ ಹೆಸರಲ್ಲ, ನಿಮ್ಮದು" ಎಂದೆ.

ಅವರು ಮಜ್ಜಿಗೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ಜೀಪು ಹೊರಟಿತು. ದಾರಿಯುದ್ದಕ್ಕೂ ಉಪದೇಶ: ಓದಿದ ಹೆಣ್ಣುಮಕ್ಕಳು ಉಪ್ಪಿನಕಾಯಿ ಮಾಡಬಹುದು, ಹಪ್ಪಳ ಮಾಡಬಹುದು, ಇದೇ ಬೇಕಾ? ನಿಮ್ಮ ಯಜಮಾನರು ಕುಡಿಯುತ್ತಾರಾ? ನೀವು ಕುಡಿಯುತ್ತೀರಾ? ಹನೂರಿನಲ್ಲಿ ಜೀಪು ನಿಲ್ಲಿಸಿ ಟೀ ಕುಡಿದರು. ಬದನೆಕಾಯಿ ಚೌಕಾಸಿ ಮಾಡಿ ಎರಡು ಕೆಜಿ ತೆಗೆದುಕೊಂಡರು. ನಾನು ಜೀಪಿನಲ್ಲಿ ಕೂತು ಹಲ್ಲು ಕಚ್ಚುತ್ತಿದ್ದೆ.

ಮನೆ ತಲುಪಿದಾಗ ಸಂಜೆ ನಾಲ್ಕು. ಹಿತ್ತಿಲಿಗೆ ಹೋದರೆ ದ್ರಾಕ್ಷಿಯ ವಾಸನೆ ಗಮ್ಮೆಂದಿತು. ಹುಳುಮನೆಯ ನೆಲವೆಲ್ಲ ನೇರಳೆ ಬಣ್ಣ. ಒಂದು ಡ್ರಮ್ಮಿನ ಕಬ್ಬಿಣದ ಪಟ್ಟಿ ಕಿತ್ತುಹೋಗಿ ಮುಚ್ಚಳ ಗೋಡೆಗೆ ಹಾರಿ ಬಿದ್ದಿತ್ತು. ಉಳಿದ ಮೂರು? ಮೂರೂ ಸುಖವಾಗಿ ನಿಂತಿದ್ದವು. ನಳಿಕೆಯ ತುದಿಗಳು ನೀರಿನ ಬಾಟಲಿಯೊಳಗಿದ್ದವು. ಗುಳುಗುಳು ಸದ್ದು ಬರುತ್ತಿತ್ತು. ಅರಗಿನ ಚೂರುಗಳು ನೆಲದಲ್ಲಿದ್ದವು.

ಬಾಗಿಲಲ್ಲಿ ಮಣೆ ಹಾಕಿಕೊಂಡು ಅತ್ತೆ ಕೂತಿದ್ದರು. ತಲೆಗೆ ಸ್ನಾನ ಮಾಡಿ, ಹೊಸದಾಗಿ ವಿಭೂತಿ ಹಚ್ಚಿದ್ದರು. ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಕತ್ತಿ. ಬೆಳಿಗ್ಗೆ ಉಟ್ಟಿದ್ದ ಸೀರೆ ತಂತಿಯ ಮೇಲೆ ಒಣಗುತ್ತಿತ್ತು, ತೊಳೆದರೂ ಹೋಗದ ಕಲೆಗಳ ಸಮೇತ.

"ಮೊಹರು ಕಿತ್ತೋರ್ಯಾರು?" ಇನ್ಸ್‌ಪೆಕ್ಟರು ಗುಡುಗಿದರು.

"ನಾನೇ ಕಣಪ್ಪ" ಎಂದರು ಅತ್ತೆ. "ಒಂದು ದಬ್ ಅಂತ ಸಿಡೀತು. ಬಂದ್ ನೋಡುದ್ರೆ ಮಿಕ್ಕವೂ ಒಟ್ಟೆ ಉಬ್ಬರ್ಸ್ಕಂಡು ನಿಂತವೆ. ಅಸು-ಕರುಗೆ ಒಟ್ಟೆ ಉಬ್ಬರ್ಸುದ್ರೆ ಗಾಳಿ ಬುಡ್ಸಲ್ವಾ? ಅದ್ರ ಬಾಯ್ಗೆ ದಾರ ಕಟ್ತಾರಾ ಯಾರಾದ್ರೂ? ದಾರ ಕುಯ್ದೆ. ಕೊಳವೆ ನೀರ್ಗೆ ಬುಟ್ಟೆ. ನಮ್ ಕೂಸು ಅಂಗೇ ತಾನೆ ಇಟ್ಟಿದ್ದಿದ್ದು."

ಅಡುಗೆಮನೆಯ ಕಿಟಕಿಯಿಂದ ಅವರು ನನ್ನ ಕೆಲಸವನ್ನೆಲ್ಲ ನೋಡುತ್ತಿದ್ದರು ಅಂತ ನನಗೆ ಗೊತ್ತಾದದ್ದು ಆಗಲೇ.

ಇನ್ಸ್‌ಪೆಕ್ಟರು ಗೋಡೆಯ ಬುಡದ ಮುಚ್ಚಳ ನೋಡಿದರು, ಪಟ್ಟಿ ನೋಡಿದರು, ಬೆವರು ಒರೆಸಿಕೊಂಡರು. ಅವರ ಮುಖ ಸಣ್ಣದಾಗಿತ್ತು. ನನ್ನ ಕಡೆ ತಿರುಗಿ "ಇಷ್ಟ್ ಜೋರು ಅಂತ ಮೊದ್ಲೇ ಯೋಳ್ಬಾರ್ದೇನಮ್ಮ?" ಎಂದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಆದರೂ ಕೆಟ್ಟ ಮನುಷ್ಯನಲ್ಲ. ಪುಸ್ತಕ ತೆಗೆದು, "ಓಗ್ಲಿ, ನಿಮಗೂ ತೊಂದ್ರೆ ಬ್ಯಾಡ, ನಂಗೂ ಬ್ಯಾಡ. ಇಲಿ ದಾರ ಕಡ್ದವೆ ಅಂತ ಬರ್ಕತೀನಿ" ಎಂದರು. ನನಗೆ ಹೋದ ಜೀವ ಬಂತು. ಲೈಸೆನ್ಸು ಉಳಿಯಿತು! ಕೈ ಮುಗಿಯಬೇಕೆನ್ನುವಷ್ಟರಲ್ಲಿ ಅತ್ತೆ ಎದ್ದು ನಿಂತರು.

"ಇಲಿಯಾ? ಯಾವ್ ಇಲಿ? ಮೂವತ್ ವರ್ಸ ಉಳ ಸಾಕಿದ್ದೀನಿ ಈ ಮನೇಲಿ. ಒಂದ್ ಇಲಿ ಬುಟ್ಟಿಲ್ಲ ಒಳೀಕ್ಕೆ. ಇಲಿ ಬಂದ್ರೆ ಉಳ ಉಳೀತವಾ?"

"ಬರೀ ಬರೆಯೋಕೆ ಅಜ್ಜಿ..."

"ಬರುದ್ರೆ ಊರೋರು ಓದಲ್ವಾ? ಈ ಮುದ್ಕಿ ಉಳುಮನೇಲಿ ಇಲಿ ಇತ್ತು ಅನ್ನಲ್ವಾ?"

ನಾನು ಅತ್ತೆಗೆ ಕಣ್ಸನ್ನೆ ಮಾಡಿದೆ, ಸೆರಗು ಜಗ್ಗಿದೆ. ಕೈ ಕೊಡವಿದರು. ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡು, "ಸರಿ, ಸೆಕೆಗೆ ಅರಗು ಕರಗೋಯ್ತು ಅಂತ ಬರೀಲಾ?" ಎಂದರು.

"ಸೆಕೆಯಾ? ಇಲ್ಲಿ ಒಸಿ ಒತ್ತು ಕುಂತ್ಕಂಡ್ ನೋಡು, ನಿನ್ ಬೆವ್ರೇ ಆರ್ತದೆ. ಅರಗು ಕರಗೋ ಮನೇಲಿ ಉಳ ಗೂಡ್ ಕಟ್ತದಾ?"

ನನಗೆ ಅಳು ಬರುವ ಹಾಗಾಯಿತು. "ಅತ್ತೆಮ್ಮ, ನಿಮ್ಮ ದಮ್ಮಯ್ಯ, ಸುಮ್ನಿರಿ. ಲೈಸೆನ್ಸು ಹೋಗುತ್ತೆ" ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. "ನಾನ್ ಕುಯ್ದಿದ್ದು ನಾನ್ ಕುಯ್ದೆ ಅಂತ ಬರ್ಕಪ್ಪ. ಕಳ್ತನ ಮಾಡಿದ್ನಾ?" ಎಂದು ಸೈನ್ ಹಾಕಲು ಕೈ ಚಾಚಿದರು.

ಇನ್ಸ್‌ಪೆಕ್ಟರಿಗೂ ಸಾಕಾಗಿಹೋಗಿತ್ತು. ನಡೆದದ್ದನ್ನು ನಡೆದಂತೆ ಬರೆದರು. ಗಾಳಿಗೆ ದಾರಿಯಿಲ್ಲದೆ ಒಂದು ಡ್ರಮ್ಮು ಸಿಡಿಯಿತು, ಮಿಕ್ಕವೂ ಸಿಡಿದು ಜೀವಕ್ಕೆ ಅಪಾಯವಾದೀತೆಂದು ಅರ್ಜಿದಾರರ ಅತ್ತೆ ಮೊಹರು ತೆಗೆದರು, ಎಂದು. ಅತ್ತೆ ಒಂದೊಂದು ಅಕ್ಷರವನ್ನೂ ತಿದ್ದಿ ತಿದ್ದಿ ಸೈನ್ ಹಾಕಿದರು. ಮುಚ್ಚಳಗಳಿಗೆ ಮಾತ್ರ ಹೊಸ ಮೊಹರು ಬಿತ್ತು, ನಳಿಕೆಗಳಿಗೆ ಇಲ್ಲ. ಜೀಪು ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ನನ್ನ ಬದುಕಿಗಿಂತ ನಿಮಗೆ ಇಲಿ ಹೆಚ್ಚಾಯಿತಾ ಎಂದೆ. ಅವರು ಮಣೆ ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ಮಾತಿಲ್ಲ.

ಕೇಸು ಬರುತ್ತದೆಂದು ಕಾದೆ. ಬರಲಿಲ್ಲ. ಆ ವರದಿ ಮೇಲಿನ ಕಚೇರಿಗೆ ಹೋಗಿ, ಅಲ್ಲಿ ಯಾರೋ ಪುಣ್ಯಾತ್ಮರು ಓದಿದ್ದಾರೆ. ಮಾದರಿಯೂ ಪಾಸಾಗಿ, ವರ್ಷ ತುಂಬುವಾಗ ಲೈಸೆನ್ಸು ಬಂತು. ಅದರ ಕೊನೆಯಲ್ಲಿ ಒಂದು ಹೊಸ ಷರತ್ತು ಇತ್ತು: ರಸ ಹುದುಗುವ ಕಾಲದಲ್ಲಿ ಗಾಳಿ ಹೋಗುವ ನಳಿಕೆಗೆ ಮೊಹರು ಹಾಕತಕ್ಕದ್ದಲ್ಲ. ಅತ್ತೆಗೆ ಓದಿ ಹೇಳಿದೆ. "ಇಷ್ಟ್ ಬರಿಯಕ್ಕೆ ವರ್ಸ ಬೇಕಾಯ್ತಾ?" ಎಂದರು.

ಅದೇ ಮಾತನ್ನು ನಾನು ಮೊದಲ ದಿನವೇ ಪುಸ್ತಕ ಹಿಡಿದು ಹೇಳಿದ್ದೆ. ಯಾರೂ ಬರೆದುಕೊಳ್ಳಲಿಲ್ಲ. ಇಲಿ ಕಡಿಯಿತು ಎಂಬ ಸುಳ್ಳಿಗೆ ತಲೆಯಾಡಿಸಿ ಪಾರಾಗಲು ಹೊರಟವಳು ನಾನು. ಆ ಸುಳ್ಳು ಬರೆದಿದ್ದರೆ ಮುಂದಿನ ವರ್ಷವೂ ನನ್ನ ನಳಿಕೆಗಳಿಗೆ ಅರಗು ಬೀಳುತ್ತಿತ್ತು. ಇದು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ, ಜೊತೆಗೆ ಹೊಟ್ಟೆಯೂ ಉರಿಯುತ್ತದೆ.

ಈಗ 2004. ನಾಲ್ಕು ಡ್ರಮ್ಮು ಹೋಗಿ ಉಕ್ಕಿನ ತೊಟ್ಟಿಗಳು ಬಂದಿವೆ. ಅತ್ತೆ ಇವತ್ತಿಗೂ ಒಂದು ತೊಟ್ಟು ಬಾಯಿಗಿಟ್ಟವರಲ್ಲ, ಎಂಡ ಅನ್ನುವುದನ್ನು ಬಿಟ್ಟವರೂ ಅಲ್ಲ. ಎರಡು ಮೂರು ವರ್ಷಕ್ಕೊಬ್ಬ ಹೊಸ ಇನ್ಸ್‌ಪೆಕ್ಟರು ಬರುತ್ತಾರೆ. ಆ ಷರತ್ತು ಓದಿಕೊಂಡು ಬಂದವರು ಒಬ್ಬರೂ ಇಲ್ಲ. ಒಳಗೆ ಕಾಲಿಟ್ಟವರು ಮೊದಲು ಕೈ ಹಾಕುವುದು ಆ ನಳಿಕೆಗೇ. ನಾನು ಈಗ ಪುಸ್ತಕ ತರಲು ಹೋಗುವುದಿಲ್ಲ, ವಾದವನ್ನೂ ಮಾಡುವುದಿಲ್ಲ. ಹಿತ್ತಿಲ ಬಾಗಿಲಿಗೆ ಬಂದು, "ಅತ್ತೆಮ್ಮಾ, ಒಸಿ ಬನ್ನಿ ಇಲ್ಲಿ" ಎಂದು ಕೂಗುತ್ತೇನೆ.