ಒಲೆ ಒಡೆದ ಕಾಕ

ಕಾಕನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈ ಮಾತ್ರ ಕರಡಿಯ ಕೈಯಂತೆ ಪೊದೆಪೊದೆ. ಬಲಗೈಯ ಬೋಳು ಚರ್ಮದ ಮೇಲೆ ಕಾದ ಟ್ರೇಗಳು ತಾಗಿದ ಕಲೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಏರಿದ್ದವು. ಹೊಸದಾಗಿ ಕೆಲಸಕ್ಕೆ ಬಂದವರು ಅದನ್ನು ಕಂಡು ಮುಖ ತಿರುಗಿಸಿದರೆ, "ಎಂತ ನೋಡುದು? ಇದು ನನ್ನ ಸರ್ಟಿಫಿಕೇಟ್. ನಿನ್ನದು ಎಲ್ಲಿ ಉಂಟು, ತೋರಿಸು" ಎನ್ನುತ್ತಿದ್ದರು.

ದುಬೈಯ ಒಂದು ಕಂಪೆನಿಯಲ್ಲಿ ಅವರು ಬೇಕರಿಗೆ ಮುಖ್ಯಸ್ಥರು, ನಾನು ಗೋದಾಮಿಗೆ. ಅವರು ಪುತ್ತೂರು ಕಡೆಯ ಬ್ಯಾರಿ ಮುಸ್ಲಿಮರು, ಹಿರಿಯರೆಂದು ಎಲ್ಲರಿಗೂ ಕಾಕ; ನಾನು ಉಡುಪಿ ಕಡೆಯವನು. ನಾನು ಸೇನೆಯ ಸರಬರಾಜು ವಿಭಾಗದಿಂದ ನಿವೃತ್ತನಾಗಿ ಬಂದವನೆಂದು ತಿಳಿದ ದಿನದಿಂದ ನನ್ನನ್ನು 'ಸುಬೇದಾರ್ರೇ' ಎಂದು ಕರೆದರು. ನಾನು ಬರೀ ಹವಾಲ್ದಾರನಾಗಿದ್ದೆ ಎಂದರೆ, "ಇಲ್ಲಿ ಪ್ರಮೋಶನ್ ಕೊಡುದು ನಾನು" ಎಂದರು. ನಮ್ಮ ಮಾತು ಅರ್ಧ ತುಳು, ಜಗಳ ಪೂರ್ತಿ ಕನ್ನಡ.

ಶಿಸ್ತಿನ ವಿಷಯದಲ್ಲಿ ನನ್ನನ್ನು ಮೀರಿಸಿದವರು ಕಡಿಮೆ. ಕಾಕ ಮೀರಿಸಿದ್ದರು. ಪಾಳಿ ಶುರುವಾಗುವ ಮೊದಲು ಪ್ರತಿಯೊಬ್ಬನ ಉಗುರು ನೋಡುತ್ತಿದ್ದರು. ಒಲೆಯಿಂದ ಬಂದ ಬ್ರೆಡ್ಡನ್ನು ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳುತ್ತಿದ್ದರು. ಒಳಗೆ ಬೆಂದಿದೆಯೋ ಇಲ್ಲವೋ ಎಂಬುದು ಆ ಸದ್ದಿನಲ್ಲಿ ಗೊತ್ತಾಗುತ್ತದಂತೆ. ನೆಲಕ್ಕೆ ಬಿದ್ದ ತುಂಡನ್ನು ಯಾರೂ ತುಳಿಯುವಂತಿರಲಿಲ್ಲ. ಅದನ್ನು ಎತ್ತಿ, ಹಣೆಗೆ ಮುಟ್ಟಿಸಿ, ಹಕ್ಕಿಗಳಿಗೆಂದು ಕಿಟಕಿಯ ದಂಡೆಯ ಮೇಲಿಡುತ್ತಿದ್ದರು. "ಹಿಟ್ಟಿಗೆ ಗಡಿಯಾರ ಗೊತ್ತಿಲ್ಲ, ನಮಗೆ ಗೊತ್ತಿರ್ಬೇಕು" ಎಂಬುದು ಅವರ ಮಾತು. ಅಂಥ ಮನುಷ್ಯನಿಂದ ಒಂದು ಒಳ್ಳೆಯ ಒಲೆ ಒಡೆದುಹೋಯಿತು. ಆ ಕತೆಯನ್ನು ಹೇಳಬೇಕಾಗಿದೆ, ಏಕೆಂದರೆ ಅದನ್ನು ಬೇರೆ ರೀತಿಯಲ್ಲಿ ಹೇಳುವವರು ಈಗ ಹೆಚ್ಚಾಗಿದ್ದಾರೆ.

ನಮ್ಮ ಕಂಪೆನಿಯ ವ್ಯಾಪಾರ ಸೇನೆಗಳೊಂದಿಗೆ. ಯುದ್ಧ ಮುಗಿದ ದೇಶಗಳಲ್ಲಿ ಬೀಡುಬಿಟ್ಟ ಪರದೇಶದ ಸೈನಿಕರಿಗೆ ಊಟ, ನೀರು, ಹಾಸಿಗೆ, ಸಾಬೂನು ಎಲ್ಲವನ್ನೂ ಗುತ್ತಿಗೆಯ ಮೇಲೆ ಒದಗಿಸುವುದು. ಒಂದು ಗುತ್ತಿಗೆಯಲ್ಲಿ ಹೊಸ ಷರತ್ತು ಬಂತು: ಎಲ್ಲವನ್ನೂ ದುಬೈಯಿಂದ ಸಾಗಿಸಬಾರದು, ಕೆಲವನ್ನಾದರೂ ಆ ದೇಶದ ಅಂಗಡಿಗಳಿಂದಲೇ ಕೊಳ್ಳಬೇಕು, ಹಾಳಾದ ಪೇಟೆ ಮತ್ತೆ ಎದ್ದು ನಿಲ್ಲಬೇಕು. ಓದಿ ನನಗೆ ಸಂತೋಷವಾಯಿತು. ಬರೆದವನು ಒಳ್ಳೆಯವನೇ ಇರಬೇಕು. ಅವನು ಆ ಪೇಟೆಯನ್ನು ನೋಡಿರಲಿಲ್ಲ, ಅಷ್ಟೆ. ದೇಶದ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಜನ ಬದುಕುತ್ತಿದ್ದಾರೆ.

ಮೊದಲು ಆರಿಸಿದ್ದು ಬ್ರೆಡ್ಡನ್ನು. ಕ್ಯಾಂಪಿನ ಹತ್ತಿರದ ಊರಿನಲ್ಲಿ ರೊಟ್ಟಿ ಸುಡುವ ಒಬ್ಬನಿದ್ದ. ಅವನನ್ನು ದುಬೈಗೆ ಕರೆಸಿ, ಕಾಕನ ಕೈಕೆಳಗೆ ತರಬೇತಿಗೆ ಇಟ್ಟರು. ನಾವೆಲ್ಲ ಅವನನ್ನು ಖಬ್ಬಾಜ್ ಎಂದೆವು, ಅರಬ್ಬಿಯಲ್ಲಿ ರೊಟ್ಟಿ ಸುಡುವವ ಎಂದು. ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಮೊದಲ ದಿನ ಕಾಕ ಅವನ ಕೈಗೆ ಒಂದು ಬಿಳಿ ಬ್ರೆಡ್ ತುಂಡು ಕೊಟ್ಟರು. ಅವನು ಎರಡು ಬೆರಳಲ್ಲಿ ಒತ್ತಿದ. ಅದು ಸ್ಪಂಜಿನಂತೆ ಕುಗ್ಗಿ ಮತ್ತೆ ಉಬ್ಬಿತು.

"ಇದು ಕಾಯಿಲೆಯವರಿಗಾ?" ಎಂದು ಅರಬ್ಬಿಯಲ್ಲಿ ಕೇಳಿದ.

"ಅಲ್ಲ, ಸೈನಿಕರಿಗೆ" ಎಂದರು ಕಾಕ.

"ಹಾಗಾದರೆ ಅವರು ಗೆದ್ದದ್ದು ಹೇಗೆ?"

ಕಾಕ ಹಿಟ್ಟಿನ ಚೀಲದ ಮೇಲೆ ಕುಳಿತುಬಿಟ್ಟು ನಕ್ಕರು. ಸಂಜೆಯೊಳಗೆ ಆ ಮಾತು ಇಡೀ ಗೋದಾಮಿಗೆ ಗೊತ್ತಾಗಿತ್ತು. ಆಮೇಲೆ ಇಬ್ಬರೂ ಅಂಟಿಕೊಂಡರು. ರಜೆಯ ದಿನ ಅಬುಧಾಬಿಗೆ ಹೋಗಿ ಅಲ್ ಮೀನಾ ಪೇಟೆಯಲ್ಲಿ ಮೀನು ಆರಿಸುತ್ತ ಜಗಳವಾಡುವರು. ದುಬೈಯ ಅಲ್ ನಹ್ದಾದಲ್ಲಿದ್ದ ಕಾಕನ ಫ್ಲಾಟಿನಲ್ಲಿ, ಕಾಕನ ಹೆಂಡತಿ ಮಾಡಿದ ಪತ್ತಿರ್ ಎಂಬ ಅಕ್ಕಿರೊಟ್ಟಿ ತಿಂದ ಖಬ್ಬಾಜ್, "ಕಾಕ, ಈ ಮನೆಯಲ್ಲಿ ಉಸ್ತಾದ್ ನೀನಲ್ಲ" ಎಂದಾಗ, ಒಳಗಿನಿಂದ ಆ ತಾಯಿ, "ಅವ ಎಂತ ಹೇಳಿದ್ದು?" ಎಂದು ಕೇಳಿದರು. "ಉಪ್ಪು ಕಡಿಮೆ ಅಂತೆ" ಎಂದರು ಕಾಕ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಖಬ್ಬಾಜ್ ಬೇಗ ಕಲಿತ. ತೊಡಕಾದದ್ದು ಅವನ ಹಳೆಯ ಮಣ್ಣಿನ ತಂದೂರಿನ ವಿಷಯದಲ್ಲಿ. ಅದು ಅವನ ಅಜ್ಜ ಕೂರಿಸಿದ ಒಲೆ. ಅವನ ಬೀದಿಯಲ್ಲಿ ಒಂದು ಪದ್ಧತಿ. ಹೆಂಗಸರು ಮನೆಯಲ್ಲಿ ನಾದಿದ ಹಿಟ್ಟನ್ನು ತಟ್ಟೆಯಲ್ಲಿಟ್ಟು, ಬಿಳಿ ಬಟ್ಟೆ ಮುಚ್ಚಿ, ಬೆಳಿಗ್ಗೆ ಅವನ ಅಂಗಡಿಗೆ ತರುತ್ತಾರೆ. ಅವನು ಸುಟ್ಟುಕೊಡುತ್ತಾನೆ. ಕೂಲಿಯೆಂದು ಒಂದು ರೊಟ್ಟಿ ಬಿಟ್ಟುಹೋಗುತ್ತಾರೆ. ಯಾರ ಮನೆಯಲ್ಲಿ ಹೆರಿಗೆ, ಯಾರ ಮಗ ಮರಳಿ ಬಂದ, ಯಾರ ಮಗ ಬರಲಿಲ್ಲ, ಎಲ್ಲ ಸುದ್ದಿಯೂ ಆ ಒಲೆಯ ಮುಂದೆ. ಯುದ್ಧದ ಕಾಲದಲ್ಲೂ ಅದು ಆರಿರಲಿಲ್ಲವಂತೆ. ಆದರೆ ಸೇನೆಯ ತಪಾಸಣೆಯವರ ನಿಯಮ ಸ್ಪಷ್ಟವಾಗಿತ್ತು: ಬ್ರೆಡ್ ತಯಾರಾಗುವ ಕಟ್ಟಡದಲ್ಲಿ ಹೊಗೆ, ಮಸಿ, ಬೂದಿ ಇರಕೂಡದು.

"ಹಿಂದೆ ಒಂದು ಗೋಡೆ ಕಟ್ಟಿ ಅದನ್ನು ಆಚೆಗೆ ಇಟ್ಟುಕೊಳ್ಳುತ್ತೇನೆ" ಎಂದು ಖಬ್ಬಾಜ್ ಕೇಳಿಕೊಂಡ. ತಪಾಸಣೆಯವರು ಅದಕ್ಕೆ ಒಪ್ಪುತ್ತಿದ್ದರೋ ಏನೋ. ಒಪ್ಪದವರು ಕಾಕ.

"ಎರಡು ಒಲೆ ಇಟ್ಟವನ ಗಮನ ಒಂದರಲ್ಲೂ ಇರುದಿಲ್ಲ. ಮಸಿ ಇದ್ದಲ್ಲಿ ಬಿಳಿ ಬ್ರೆಡ್ ಆಗುದಿಲ್ಲ. ಒಡಿ. ಖಲಾಸ್."

ಕಂಪೆನಿಯನ್ನು ಮೆಚ್ಚಿಸಲು ಹೇಳಿದ ಮಾತಲ್ಲ ಅದು. ಸ್ವಚ್ಛತೆ ಅವರಿಗೆ ನಮಾಜಿನಷ್ಟೇ ನಿಜ. ತಾನು ಕಲಿಸಿದವನು ತನ್ನಂತೆಯೇ ಆಗಬೇಕೆಂಬ ಹಟವೂ ಇತ್ತು. ಊರಿಗೆ ಒಳ್ಳೆಯದಾಗುತ್ತದೆಂದು ಅವರು ಮನಸಾರೆ ನಂಬಿದ್ದರು.

ಹೊಸ ಒಲೆ ಕೂರಿಸಲು ಕಾಕ ಖಬ್ಬಾಜನ ಊರಿಗೆ ಹೋದಾಗ, ಉಗ್ರಾಣ ನೋಡಿಬರಲು ಕಂಪೆನಿಯವರು ನನ್ನನ್ನೂ ಕಳಿಸಿದರು. ಕರೆಂಟಿನ ದೊಡ್ಡ ಒಲೆ, ಹೊಳೆಯುವ ಉಕ್ಕು. ಅದಕ್ಕೆ ಬೇಕಾದಷ್ಟು ವಿದ್ಯುತ್ತು ಊರಿನಲ್ಲಿರಲಿಲ್ಲ. ಕ್ಯಾಂಪಿನ ಜನರೇಟರಿನಿಂದ ತಂತಿ ಎಳೆದಿದ್ದರು. ಮಾರನೆಯ ಬೆಳಿಗ್ಗೆ ನಾನು ಒಳಗಿನ ಕೋಣೆಯಲ್ಲಿ ಹಿಟ್ಟಿನ ಚೀಲಗಳಿಗೆ ಜಾಗ ಗುರುತಿಸುತ್ತಿದ್ದೆ. ಮೊದಲ ಪೆಟ್ಟು ಕೇಳಿ ಹೊರಗೆ ಬಂದೆ. ಸುತ್ತಿಗೆ ಕಾಕನ ಕೈಯಲ್ಲಿತ್ತು. ಖಬ್ಬಾಜ್ ಅದನ್ನು ಎತ್ತದೆ ನೆಲಕ್ಕೆ ಊರಿದ್ದನ್ನು ಕಂಡು, ತಾವೇ ಮೊದಲ ಪೆಟ್ಟು ಕೊಟ್ಟಿದ್ದರು. "ಯಲ್ಲಾ, ನಡಿ!" ಎನ್ನುತ್ತ ಎರಡನೆಯದನ್ನೂ ಕೊಟ್ಟರು. ಕಂಪೆನಿಯ ಫೋಟೋದವನು ಸುತ್ತ ಓಡಾಡುತ್ತಿದ್ದ.

ಬಾಗಿಲ ಬಳಿ ಹೆಂಗಸರು ತಟ್ಟೆ ಹಿಡಿದು ನಿಂತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಅವರಲ್ಲಿ ವಯಸ್ಸಾದವಳೊಬ್ಬಳು ಕಾಕನನ್ನೇ ನೋಡಿ ಕೇಳಿದಳು, "ನಾಳೆ ಬೆಳಿಗ್ಗೆ?"

"ನಾಳೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ ತಾಯಿ" ಎಂದು ಕಾಕ ಅರಬ್ಬಿಯಲ್ಲಿ ಹೇಳಿದರು. ಬೇರೆಯವರು ಹೋದ ಮೇಲೂ ಅವಳು ತಟ್ಟೆ ಹಿಡಿದು ನಿಂತಿದ್ದು, ಆಮೇಲೆ ಹೋದಳು.

ಕ್ಯಾಂಪ್ ಇರುವವರೆಗೆ ಎಲ್ಲವೂ ಚೆನ್ನಾಗಿ ನಡೆಯಿತು. ಖಬ್ಬಾಜ್ ಬಿಳಿ ಟೋಪಿ ಹಾಕಿದ, ಕೆಲಸಕ್ಕೆ ಜನ ಇಟ್ಟ. ಅವನ ಫೋಟೋ ದುಬೈ ಕಚೇರಿಯ ಗೋಡೆಗೆ ಬಂತು. ಬೀದಿಯವರು ಬಿಳಿ ಬ್ರೆಡ್ಡನ್ನು ಮಕ್ಕಳಿಗೆಂದು ಒಂದೆರಡು ಸಲ ಕೊಂಡು, ಆಮೇಲೆ ನಿಲ್ಲಿಸಿದರು. ಅದು ಅವರಿಗೆ ಊಟವಾಗಲಿಲ್ಲ. ತಟ್ಟೆಗಳು ದೂರದ ಇನ್ನೊಂದು ಒಲೆಗೆ ಹೋದವು.

ಆಮೇಲೆ ಸೇನೆ ಹೊರಟಿತು. ಯಾವ ಸೇನೆಯೂ ಒಂದು ದಿನ ಹೊರಡುತ್ತದೆ. ಅದರಲ್ಲಿದ್ದು ಬಂದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೊರಡುವಾಗ ಜನರೇಟರನ್ನೂ ತೆಗೆದುಕೊಂಡು ಹೋಯಿತು. ತಂತಿ ಖಬ್ಬಾಜನ ಗೋಡೆಯಲ್ಲಿ ಹಾಗೆಯೇ ನೇತಾಡುತ್ತ ಉಳಿಯಿತು. ಊರಿನ ಕರೆಂಟು ದೀಪಕ್ಕೆ ಸಾಲದು, ಒಲೆಗೆ ಎಲ್ಲಿಂದ? ಇದನ್ನೆಲ್ಲ ಅವನು ಕಾಕನ ಫೋನಿಗೆ ದನಿ ಸಂದೇಶವಾಗಿ ಕಳಿಸುತ್ತಿದ್ದ. ಬೈಗುಳ ಇರಲಿಲ್ಲ. ಕೊನೆಗೆ ಪ್ರತಿ ಸಲವೂ ಕಾಕನ ಹೆಂಡತಿಯ ಆರೋಗ್ಯ ವಿಚಾರಿಸುತ್ತಿದ್ದ. ಕಾಕನಿಗೆ ತಡೆಯಲಾಗದೆ ಹೋದದ್ದು ಅದೇ.

ನನ್ನನ್ನು ಕರೆದುಕೊಂಡು ಮ್ಯಾನೇಜರನ ಕೋಣೆಗೆ ಹೋದರು. ಅವನು ನಮ್ಮ ಮಂಗಳೂರಿನವನೇ, ಚುರುಕು, ವಿನಯವಂತ.

"ಕೂತ್ಕೊಳ್ಳಿ ಕಾಕ. ಚಾಯ್ ಹೇಳ್ಲಾ?"

"ಚಾಯ್ ಬೇಡ. ಅವನಿಗೆ ಒಂದು ಜನರೇಟರ್ ಕಳಿಸಿ."

"ಕಾಕ, ಆ ಪ್ರಾಜೆಕ್ಟ್ ಕ್ಲೋಸ್ ಆಯ್ತಲ್ಲ. ಸಕ್ಸೆಸ್‌ಫುಲ್ ಆಗಿ ಕ್ಲೋಸ್ ಆಗಿದೆ."

"ಅಂಗಡಿ ಕ್ಲೋಸ್ ಆಗಿದೆ ಮಾರಾಯ. ನಾನು ಅದನ್ನು ಹೇಳುದು."

"ಕ್ಯಾಂಪ್ ಇದ್ದಷ್ಟು ದಿನ ಅವನ ಹತ್ರನೇ ತಗೊಂಡ್ವಿ. ಕಂಡೀಷನ್ ಇದ್ದದ್ದು ಅಷ್ಟೇ. ಮತ್ತೆ ಅವನು ಬಿಸಿನೆಸ್‌ಮ್ಯಾನ್ ಅಲ್ವಾ, ಮಾರ್ಕೆಟ್ ನೋಡಿಕೊಳ್ಬೇಕು."

ಕಾಕ ನನ್ನ ಕಡೆ ತಿರುಗಿ, "ಸುಬೇದಾರ್ರೇ, ಇವನ ಉಗುರು ನೋಡಿ. ಎಷ್ಟು ಕ್ಲೀನ್ ಉಂಟು!" ಎಂದರು. ಎದ್ದು ಹೊರಟರು. ಅದೇ ವರ್ಷ ಕೆಲಸವನ್ನೂ ಬಿಟ್ಟರು.

ನಿವೃತ್ತಿಯ ಮೇಲೆ ಮಗನ ಜೊತೆ ಅಲ್ ನಹ್ದಾದಲ್ಲೇ ಉಳಿದರು. ಒಂದು ದಿನ ನನಗೆ ಫೋನ್ ಮಾಡಿ, ಬೇಗ ಬನ್ನಿ, ಪ್ಯಾಕಿಂಗ್ ಕೆಲಸ ಉಂಟು ಎಂದರು. ಹೋದರೆ, ಬೈಠಕ್ ಕೋಣೆಯ ನಡುವೆ ಒಂದು ಮಣ್ಣಿನ ತಂದೂರು! ಅಲ್ ಮೀನಾದ ಕಾರ್ಪೆಟ್ ಅಂಗಡಿಯ ಅಫ್ಘಾನಿಯೊಬ್ಬನ ಮೂಲಕ ಹುಡುಕಿ ಮಾಡಿಸಿದ್ದರು. ಖಬ್ಬಾಜನಿಗೆ ಕಳಿಸಬೇಕು. ಮಣ್ಣಿನ ಪಾತ್ರೆಯನ್ನು ಒಳಗೆ ಖಾಲಿ ಬಿಟ್ಟು ಕಳಿಸಿದರೆ ದಾರಿಯಲ್ಲಿ ಒಡೆಯುತ್ತದೆ. ಹೊಟ್ಟೆಯೊಳಗೆ ಬಟ್ಟೆ ತುರುಕಿ, ಹೊರಗೆ ಹುಲ್ಲು ಸುತ್ತಿ, ಮರದ ಪೆಟ್ಟಿಗೆ ಬಡಿದೆ. ಕಾಕನ ಹೆಂಡತಿ ಬಾಗಿಲಲ್ಲಿ ನಿಂತು, "ನನ್ನ ಒಳ್ಳೆ ರಜಾಯಿಯೂ ಹೋಯ್ತು" ಎಂದರು.

"ಹೋಗ್ಲಿ, ಒಲೆಗೆ ಚಳಿ ಆಗ್ಬಾರ್ದಲ್ಲ" ಎಂದರು ಕಾಕ. ಎಷ್ಟೋ ಕಾಲದ ಮೇಲೆ ಅವರು ನಕ್ಕದ್ದು.

ನಾನು ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಾಗ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದರು: "ಆ ಮುದುಕಿಯ ತಟ್ಟೆ ನೆನಪುಂಟಾ ನಿಮಗೆ? ಹಿಟ್ಟು ಉಕ್ಕಿ ಬಟ್ಟೆಯನ್ನು ಎತ್ತಿತ್ತು. ಇನ್ನು ಕಾಯುವ ಹಿಟ್ಟಲ್ಲ ಅದು. ಆಗಲೇ ಸುಡಬೇಕು. ಬೇರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ, ನನಗೆ ಗೊತ್ತಾಯ್ತು. ನೋಡಿಯೇ ಎರಡನೇ ಪೆಟ್ಟು ಹೊಡೆದೆ, ಸುಬೇದಾರ್ರೇ. ಅವಳ ಒಂದು ಸುತ್ತು ರೊಟ್ಟಿ ಸುಟ್ಟು ಆಮೇಲೆ ಒಡೆದಿದ್ರೆ ಎಂತ ಹೋಗ್ತಿತ್ತು?"

ನಾನು ಮುಂದಿನ ಮೊಳೆ ಹೊಡೆದೆ.

ಒಲೆ ಒಡೆಯದೆ ತಲುಪಿತು. ಖಬ್ಬಾಜ್ ಅದನ್ನು ಕೂರಿಸಿ, ಬೆಂಕಿ ಹಾಕಿ, ವೀಡಿಯೊ ಕಳಿಸಿದ. ಕೆಂಪಗೆ ಬೆಂದ ರೊಟ್ಟಿಗಳು, ಒಳ್ಳೆಯ ಉರಿ. ಕಾಕ ಅದನ್ನು ಮತ್ತೆ ಮತ್ತೆ ಹಾಕಿಸಿದರು. ರೊಟ್ಟಿಯನ್ನಲ್ಲ, ಚಿತ್ರದ ಅಂಚನ್ನು ನೋಡುತ್ತಿದ್ದರು. ಬಾಗಿಲ ಕಡೆ ಯಾವುದಾದರೂ ತಟ್ಟೆ ಕಾಣುತ್ತದೆಯೇ, ಒಂದು ಹೆಂಗಸಿನ ಕಾಲಾದರೂ ಕಾಣುತ್ತದೆಯೇ ಎಂದು. ಅಜ್ಜನ ತೋಳಿಗೆ ಒರಗಿದ್ದ ಮೊಮ್ಮಗಳು, "ಉಪ್ಪಾ, ದೇರ್ ಈಸ್ ನೋಬಡಿ" ಎಂದಳು.

ಹೆಂಗಸರು ಬರಲಿಲ್ಲ. ಖಬ್ಬಾಜನ ದನಿ ಫೋನಿನಲ್ಲಿ ಎಂದಿನಂತೆ ಶಾಂತವಾಗಿತ್ತು. "ಒಲೆ ಚೆನ್ನಾಗಿದೆ ಕಾಕ. ಅಜ್ಜನ ಒಲೆಗಿಂತ ಬೇಗ ಕಾಯುತ್ತದೆ. ಆದರೆ ದುಬೈಯಿಂದ ಪೆಟ್ಟಿಗೆ ಬಂದದ್ದನ್ನು ಬೀದಿ ನೋಡಿದೆ. ಇದನ್ನೂ ಕ್ಯಾಂಪಿನ ಒಲೆ ಎನ್ನುತ್ತಾರೆ. ಪತ್ತಿರ್ ಬಡಿಸಿದ ಅಮ್ಮನ ಕಾಲುನೋವು ಹೇಗಿದೆ?" ಕೆಲವು ತಿಂಗಳ ನಂತರ ಅವನು ಅಂಗಡಿ ಮುಚ್ಚಿ, ಬೇರೆ ಊರಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದನೆಂದು ತಿಳಿಯಿತು. ಆಮೇಲೆ ಅವನ ನಂಬರು ಸಿಗಲಿಲ್ಲ.

ಕಾಕ ಅಲ್ಲಿಂದ ಮುಂದೆ ಹೆಚ್ಚು ದಿನ ಇರಲಿಲ್ಲ. ಅವರಲ್ಲಿ ಹೊಸದೊಂದು ಅಭ್ಯಾಸ ಹುಟ್ಟಿಕೊಂಡಿತ್ತು. ಬೀದಿಯಲ್ಲಿ ಯಾವುದೇ ಹಳೆಯ ಅಂಗಡಿಯ ಬೋರ್ಡ್ ಇಳಿಸುತ್ತಿದ್ದರೆ, ಕೆಫೆಟೇರಿಯಾ ಖಾಲಿ ಮಾಡುತ್ತಿದ್ದರೆ, ನಿಂತು ಆ ಕೆಲಸಗಾರರನ್ನು ಕೇಳುವರು: "ನಾಳೆ ಬೆಳಿಗ್ಗೆ ಇಲ್ಲಿಗೆ ಬರುವವರು ಎಲ್ಲಿಗೆ ಹೋಗ್ಬೇಕು, ಕೇಳಿದ್ರಾ?" ಅವರು ನಗುತ್ತಿದ್ದರು. ಒಂದು ಬೆಳಿಗ್ಗೆ ನಮಾಜ್ ಮುಗಿಸಿ ಚಾಪೆ ಮಡಿಸುವಾಗ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ದುಬೈಯ ಮಣ್ಣಿನಲ್ಲೇ ಮಲಗಿಸಿದರು. ಕಫನಿನ ಬಿಳಿ ಬಟ್ಟೆ ಸುತ್ತುವ ಮೊದಲು ಅವರ ಬಲಗೈಯನ್ನು ಒಮ್ಮೆ ಮುಟ್ಟಿದೆ. ನುಣುಪಾಗಿತ್ತು.

ಕಂಪೆನಿಯವರು ಅವರ ನೆನಪಿಗೆಂದು ಒಂದು ಸಭೆ ಮಾಡಿ ನನ್ನನ್ನೂ ಕರೆದರು. ವೇದಿಕೆಯ ಮೇಲೆ ದೊಡ್ಡದಾಗಿ ಅದೇ ದಿನದ ಫೋಟೋ. ಕಾಕ ಸುತ್ತಿಗೆ ಎತ್ತಿದ್ದಾರೆ, ಪಕ್ಕದಲ್ಲಿ ಖಬ್ಬಾಜ್. ಕೆಳಗೆ, ಯುದ್ಧದಿಂದ ನೊಂದ ಊರಿನ ವ್ಯಾಪಾರವನ್ನು ಎತ್ತಿ ನಿಲ್ಲಿಸಿದವರು ಎಂಬ ಅರ್ಥದ ಇಂಗ್ಲಿಷ್ ಸಾಲು. ಬಲ ಅಂಚಿನಲ್ಲಿ ಸ್ವಲ್ಪ ಮಸುಕಾಗಿ ಒಂದು ಹೆಂಗಸಿನ ಕೈ, ಕೈಯಲ್ಲಿ ತಟ್ಟೆ, ಗುಮ್ಮಟದಂತೆ ಎದ್ದ ಬಿಳಿ ಬಟ್ಟೆ.

ಮ್ಯಾನೇಜರನನ್ನು ಹತ್ತಿರ ಕರೆದು ಅದನ್ನು ಬೆರಳಿಟ್ಟು ತೋರಿಸಿದೆ. "ಇದು ಏನು ಗೊತ್ತಾ?"

ಅವನು ಬಾಗಿ ನೋಡಿದ. ನಿಜವಾಗಿಯೂ ಮುಜುಗರಪಟ್ಟ.

"ಸಾರಿ ಅಂಕಲ್, ಗಮನಿಸಿರಲಿಲ್ಲ. ವೆಬ್‌ಸೈಟಿಗೆ ಹಾಕುವಾಗ ಅಷ್ಟನ್ನು ಕ್ರಾಪ್ ಮಾಡಿಸ್ತೇನೆ."

ಸಭೆ ಮುಗಿದ ಮೇಲೆ ಆ ಫೋಟೋವನ್ನು ಕೇಳಿ ಮನೆಗೆ ತಂದು ಗೋಡೆಗೆ ತೂಗುಹಾಕಿದೆ. ಏಳುವ ಸಮಯಕ್ಕೆ ಏಳುತ್ತೇನೆ, ನಡೆಯುವಷ್ಟು ನಡೆಯುತ್ತೇನೆ, ಗೋಡೆಯ ಮುಂದೆ ಬಂದು ನಿಲ್ಲುತ್ತೇನೆ. ಕಾಕ ವೀಡಿಯೊ ನೋಡುತ್ತಿದ್ದಂತೆ ಮೊದಲು ಅಂಚನ್ನು ನೋಡುತ್ತೇನೆ. ಹಿಟ್ಟು ಉಕ್ಕಿ ನಿಂತಿದೆ. ಇನ್ನೂ ಯಾರೂ ಸುಟ್ಟುಕೊಟ್ಟಿಲ್ಲ.