ಸುರಂಗದ ಹಳಿಯ ಮೇಲೆ ಕೂತ ಮಾವಶಿ

ಬೆಳಗಾವಿಯ ಅರ್ಧ ಹೆಂಗಸರಿಗೆ ಆಕೆಯ ಮುಖ ಗೊತ್ತಿರಲಿಲ್ಲ, ಕೈ ಗೊತ್ತಿತ್ತು. ಥೇಟರಿನ ಹೆಂಗಸರ ಕಿಂಡಿಯಿಂದ ಆ ಕೈ ಹೊರಗೆ ಬರುತ್ತಿತ್ತು. ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆ, ಟಿಕೀಟಿನ ಅಗ್ಗದ ಗುಲಾಬಿ ಕಾಗದದ ಬಣ್ಣ ಹತ್ತಿ ಕೆಂಪಾದ ಹೆಬ್ಬೆರಳು, ಯಾವ ಕಾಲಕ್ಕೋ ಮುರಿದು ಡೊಂಕಾಗಿಯೇ ಕೂಡಿಕೊಂಡ ಕಿರುಬೆರಳು. ಹೆಂಗಸರ ಸಾಲು ಚಿಕ್ಕದೆಂದು ಹೆಂಡತಿಯ ಹೆಸರು ಹೇಳಿಕೊಂಡು ಅಲ್ಲಿ ಕೈ ತೂರಿಸುವ ಜಾಣ ಗಂಡಸರು ಇರುತ್ತಿದ್ದರು. ಅವರಿಗೆ ಟಿಕೀಟು ಸಿಗುತ್ತಿರಲಿಲ್ಲ, ಮರದ ಫೂಟ್‌ಪಟ್ಟಿಯ ಏಟು ಸಿಗುತ್ತಿತ್ತು. ಮುಖ ನೋಡದೆ, ಉಗುರು ನೋಡಿಯೇ ಆಕೆ ಯಾರ ಕೈ ಎಂದು ಹೇಳಬಲ್ಲವಳಾಗಿದ್ದಳು.

ಊರಿನ ಕ್ಯಾಂಪ್ ಭಾಗದಲ್ಲಿ ನಮ್ಮ ಮನೆಯ ಬಾಜುವಿನ ಎರಡು ಖೋಲಿಯಲ್ಲಿ ಆಕೆ ಒಬ್ಬಳೇ ಇದ್ದಳು. ನಾವೆಲ್ಲ ಕರೆಯುತ್ತಿದ್ದುದು ಟಿಕೀಟ್ ಮಾವಶಿ ಎಂದು; ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ತವರು ಖಾನಾಪುರ. ಮನೆಯೊಳಗೆ ಮರಾಠಿ, ಅಂಗಳದಲ್ಲಿ ಕನ್ನಡ, ಬೈಯುವಾಗ ಎರಡೂ. ಗಂಡ ಮಿಲಿಟರಿ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದವನು, ಮದುವೆಯಾದ ಕೆಲವೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡಿದ್ದ. ಆಮೇಲೂ ಆಕೆ ಬಳೆ ತೆಗೆದಿರಲಿಲ್ಲ. ಓಣಿಯ ಹಿರಿಯ ಹೆಂಗಸೊಬ್ಬರು ಒಮ್ಮೆ ಇದನ್ನು ಕೆದಕಿದಾಗ ನಾನು ಅಲ್ಲೇ ನೀರು ತುಂಬುತ್ತಿದ್ದೆ. ಮಾವಶಿ ಕೊಡ ಕೆಳಗಿಟ್ಟು, “ಬಳಿ ನಾ ಕೂಸಿದ್ದಾಗಿಂದ ಅದಾವು. ಗಂಡ ಆಮ್ಯಾಲೆ ಬಂದಾಂವ” ಎಂದಳು. ಆ ಹೆಂಗಸು ಮತ್ತೆಂದೂ ಆ ಮಾತು ಎತ್ತಲಿಲ್ಲ.

ಆಕೆಗೆ ಹೊಡೆದಾಟದ ಸಿನಿಮಾ ಎಂದರೆ ಪ್ರಾಣ. ಹಾಡು ಬಂದರೆ ಎದ್ದು ಹೋಗಿ ಚಹಾ ಕುಡಿದು ಬರುತ್ತಿದ್ದಳು. ಕಿಂಡಿ ಮುಚ್ಚಿ, ಹೆಂಗಸರ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತು, ಪರದೆಯ ಮೇಲಿನ ನಾಯಕನಿಗೆ ಹಿಂದೆ ಚಾಕು ಹಿಡಿದವನು ಬರುತ್ತಿದ್ದಾನೆಂದು ಎಚ್ಚರಿಸುತ್ತಿದ್ದಳು. ಆ ಕಾಲಕ್ಕೆ ಒಂದು ಸರಣಿ ಊರಿಗೇ ಹುಚ್ಚು ಹಿಡಿಸಿತ್ತು. ಕಳ್ಳಸಾಗಣೆಯವರನ್ನು ಅಟ್ಟಿಸಿಕೊಂಡು ಹೋಗುವ ಒಬ್ಬ ನಾಯಕ. ಎಪ್ಪತ್ತರ ದಶಕ ಮುಗಿಯುವಾಗ ಮೊದಲನೆಯದು ಬಂತು, ಅದರ ಬೆನ್ನಿಗೆ ಎರಡನೆಯದು, ಮೂರನೆಯದು. ಮೂರರಲ್ಲೂ ಒಂದು ಸುರಂಗ ಇರಲೇಬೇಕು. ಗಣಿಯ ಕತ್ತಲಲ್ಲಿ ಟ್ರಾಲಿ ಓಡುತ್ತದೆ, ಕರಿ ಬಟ್ಟೆಯ ದುಷ್ಟರು ಎರಡೂ ಕಡೆಯಿಂದ ಜಿಗಿಯುತ್ತಾರೆ, ನಾಯಕಿಯನ್ನು ಎಳೆದಾಡುತ್ತಾರೆ, ಕೊನೆಗೆ ನಾಯಕ ಹಗ್ಗ ಹಿಡಿದು ಮೇಲಿನಿಂದ ಇಳಿಯುತ್ತಾನೆ. ಥೇಟರಿನಲ್ಲಿ ಸೀಟಿಯೋ ಸೀಟಿ.

ಮೂರನೆಯ ಭಾಗ ಓಡುತ್ತಿದ್ದಾಗ ಥೇಟರಿನ ಮಾಲಕನಿಗೆ ಒಂದು ವಿಚಾರ ಹೊಳೆಯಿತು. ಥೇಟರಿನ ಬಾಜುವಿನ ಬಯಲಿನಲ್ಲಿ ಆ ಸುರಂಗವನ್ನೇ ಕಟ್ಟಿಬಿಟ್ಟರೆ? ಸಿನಿಮಾ ನೋಡಿದವರು ಹೊರಗೆ ಬಂದು ಅದರೊಳಗೇ ಕೂತು ಹೋಗಬಹುದು. ಬಯಲಲ್ಲಿ ಹಳಿ ಹಾಸಿದರು. ತಗಡಿನ ಸುರಂಗ ಎದ್ದಿತು. ಅದರ ಮೇಲೆ ತಾಡಪತ್ರಿ, ಬಂಡೆಗಳಂತೆ ಕಾಣಲು ಬಣ್ಣ ಬಳಿದ ಗೋಣಿತಟ್ಟು. ಟ್ರಾಲಿಗೆ ಬೇಕಾದ ಕಟ್ಟಿಗೆ ಖಾನಾಪುರದಿಂದ ಬಂತು, ಬಡಿಗನನ್ನು ಕರೆಸಿಕೊಟ್ಟವಳು ಸ್ವತಃ ಮಾವಶಿ. ಟ್ರಾಲಿಯನ್ನು ಮೋಟಾರಿನಿಂದ ಹಗ್ಗ ಸುತ್ತಿ ಎಳೆಯುತ್ತಿದ್ದರು. ಒಳಗೆ ಪಟಾಕಿಯ ಪಿಸ್ತೂಲು, ಕರಿ ಬಟ್ಟೆ ಮುಖಕ್ಕೆ ಕಟ್ಟಿಕೊಂಡ ಕೂಲಿಯವರ ಕೂಗಾಟ, ಕೊನೆಗೆ ಹಗ್ಗದಿಂದ ಇಳಿಯುವ ಒಬ್ಬ ನಾಯಕ. ಮೊದಲ ದಿನ ಕೂತು ಬಂದ ಮಾವಶಿ ಇಳಿದಾಗ ನಗು ತಡೆಯಲಾಗದೆ ಕಂಬ ಹಿಡಿದುಕೊಂಡಿದ್ದಳು. ಅಷ್ಟು ನಕ್ಕಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಜನ ಮುಗಿಬಿದ್ದರು. ಸ್ವಲ್ಪ ದಿನಕ್ಕೆ ಮಾಲಕ ಹೆಂಗಸರಿಗಾಗಿ ಬೇರೆ ಸರತಿ ಮಾಡಿದ. ಗಂಡಸರು ಹೊರಗೆ ನಿಲ್ಲಬೇಕು, ಟ್ರಾಲಿ ತುಂಬ ಹೆಂಗಸರೇ. ಹೊರಗೆ ಕನ್ನಡ ಮರಾಠಿ ಎರಡರಲ್ಲೂ ಬೋರ್ಡು ಬರೆಸಿದ: ‘ಸುರಂಗದಲ್ಲಿ ನಿಮ್ಮನ್ನು ಕಾಪಾಡುವವರು ಯಾರು?’ ನಾವು ಅದನ್ನು ಓದಿ ನಕ್ಕೆವು. ಈಗ ನೆನೆದರೆ ಮೈ ಉರಿಯುತ್ತದೆ.

ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಣ್ಣನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಹೆಂಡತಿ, ನಮ್ಮ ವೈನಿಗೆ ಸಿನಿಮಾ ತೋರಿಸಿಕೊಂಡು ಬಾ ಎಂದು ಅವ್ವನೇ ಕಳಿಸಿದ್ದಳು. ಮ್ಯಾಟನಿ ಮುಗಿಸಿ ನಾವಿಬ್ಬರೂ ಟ್ರಾಲಿ ಹತ್ತಿದೆವು. ಸುರಂಗದ ನಡುವೆ ಟ್ರಾಲಿ ನಿಂತಿತು. ಮೊದಲ ದಿನಗಳಲ್ಲಿ ಗಂಡಸರು ಹೆಂಗಸರು ಕೂಡಿಯೇ ಕೂತಾಗ ಅದು ಅಲ್ಲಿ ನಿಲ್ಲುತ್ತಿರಲಿಲ್ಲ. ಕತ್ತಲು, ಕೂಗಾಟ, ಹೊಗೆ. ನನ್ನ ಮೈಮೇಲೆ ಒಂದು ಕೈ ಬಿತ್ತು. ಹೆದರಿಸುವ ಕೈಗೂ ಹುಡುಕುವ ಕೈಗೂ ವ್ಯತ್ಯಾಸ ಯಾವ ಹೆಣ್ಣಿಗಾದರೂ ತಿಳಿಯುತ್ತದೆ. ನಾನು ಚೀರಿದೆ. ಎಲ್ಲರೂ ಚೀರುತ್ತಲೇ ಇದ್ದರು. ಚೀರುವುದಕ್ಕೇ ತಾನೇ ಟಿಕೀಟು ತೆಗೆದದ್ದು.

ಹೊರಗೆ ಬಂದಾಗ ವೈನಿಯ ಜಂಪರಿನ ಭುಜ ಹರಿದಿತ್ತು. ಆಕೆ ಸೆರಗು ಹೊದ್ದು, ನೆಲ ನೋಡುತ್ತ, ಮನೆಯಲ್ಲಿ ಹೇಳಬೇಡವೆಂದು ನನ್ನ ಕೈ ಹಿಡಿದು ಬೇಡಿಕೊಂಡಳು. ಗೇಟಿನ ಹತ್ತಿರ ಮಾವಶಿ ನಿಂತಿದ್ದಳು. ನಗುತ್ತ ಹತ್ತಿದವರು ಸೆರಗು ಸರಿಮಾಡಿಕೊಳ್ಳುತ್ತ ಇಳಿಯುವುದನ್ನು ಆಕೆ ಕೆಲವು ದಿನದಿಂದ ಗಮನಿಸುತ್ತಿದ್ದಳಂತೆ. ಕೇಳಿದರೆ ಯಾರೂ ಬಾಯಿ ಬಿಟ್ಟಿರಲಿಲ್ಲ. ನನ್ನನ್ನು ಕೌಂಟರಿನ ಖೋಲಿಗೆ ಕರೆದೊಯ್ದು ಕದ ಹಾಕಿ, “ಖರೇ ಹೇಳವಾ. ಒಳಗ ಏನಾತು?” ಎಂದಳು. ನಾನು ಹೇಳಿದೆ. ವೈನಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮಾವಶಿ ತನ್ನ ಶಾಲನ್ನು ತೆಗೆದು ವೈನಿಯ ಹೆಗಲಿಗೆ ಹೊದಿಸಿದಳು.

ಆಕೆ ಮೊದಲು ಹೋದದ್ದು ಮಾಲಕನ ಹತ್ತಿರ. ಅವನು ಗದ್ದಲದಲ್ಲಿ ಕೈ ತಾಕಿರಬೇಕು ಎಂದು ಕಳಿಸಿಬಿಟ್ಟ. ಮರುದಿನ ಹೆಂಗಸರ ಸರತಿಯಲ್ಲಿ ಮಾವಶಿ ಮುಖದ ತುಂಬ ಸೆರಗು ಹೊದ್ದು ತಾನೇ ಟ್ರಾಲಿ ಹತ್ತಿದಳು. ನಾನು ಹೊರಗೆ ಕಾಯುತ್ತಿದ್ದೆ. ಒಳಗಿನಿಂದ ಎಂದಿನ ಚೀರಾಟ ಕೇಳಿತು, ಅದರ ನಡುವೆ ಒಬ್ಬ ಗಂಡಸಿನ ಕೂಗು. ಟ್ರಾಲಿ ಬೆಳಕಿಗೆ ಬಂದಾಗ ಮಾವಶಿ ಒಂದು ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದಳು. ಬಳೆ ಒಡೆದು ಆಕೆಯ ಕೈಯಿಂದ ರಕ್ತ ಸೋರುತ್ತಿತ್ತು. ಟ್ರಾಲಿಯ ಜೊತೆ ಎಳೆಸಿಕೊಂಡು ಬಂದವನ ಮುಖದ ಕರಿ ಬಟ್ಟೆ ಜಾರಿತ್ತು. ಅವನು ಕೂಲಿಯವನಲ್ಲ, ಮಾಲಕನ ತಂಗಿಯ ಮಗ. ಸರತಿ ಹೆಂಗಸರದಿದ್ದಾಗ ಅವನೂ ಅವನ ಗೆಳೆಯರೂ ಕೂಲಿಯವರನ್ನು ಹೊರಗೆ ಕಳಿಸಿ, ಅವರ ಬಟ್ಟೆ ತಾವು ಕಟ್ಟಿಕೊಳ್ಳುತ್ತಿದ್ದರು. ಟ್ರಾಲಿ ನಿಲ್ಲಿಸಲು ಮೋಟಾರಿನವನಿಗೆ ಹೇಳಿದವನೂ ಅವನೇ.

ಪೊಲೀಸ್ ಫೌಜದಾರರು ಬಂದರು. ವೈನಿಯ ಹೆಸರು ತೆಗೆಯದೆ, ಹಿಂದಿನ ದಿನ ನನಗಾದದ್ದನ್ನು ನಾನು ಅವರ ಮುಂದೆ ಹೇಳಿದೆ. ಕತ್ತಲಲ್ಲಿ ಯಾರ ಕೈ ಎಂದು ಹೇಗೆ ಗೊತ್ತಾಯಿತೆಂದು ಅವರು ಮಾವಶಿಯನ್ನೇ ಕೇಳಿದರು.

“ಹಿಡದಾಕಿ ಬಿಟ್ಟಿಲ್ರಿ. ಮತ್ತ ಕೈ ಗುರ್ತ ಹಿಡಿಯೂದ ನನ್ನ ನೌಕರಿ ಐತಿ.”

ಸುತ್ತಲಿನವರು ನಕ್ಕರು. ಫೌಜದಾರರೂ ನಕ್ಕರು. ಮಾಲಕ ಆಕೆಯನ್ನು ಬದಿಗೆ ಕರೆದು, ಬಹಳ ಮರ್ಯಾದೆಯಿಂದಲೇ ಹೇಳಿದ: “ಬಾಯಿ, ವಯಸ್ಸಿನ ಹುಡುಗ್ರು, ಅಷ್ಟಿಷ್ಟು ಚೇಷ್ಟಿ ಇರತೈತಿ. ಸಿನಿಮಾದಾಗ ಇಲ್ಲೇನ್ರಿ ಇದು? ಮಂದಿ ಸೀಟಿ ಹೊಡದು ನೋಡ್ತಾರ.” ಮಾವಶಿಯ ಬಾಯಿಗೆ ಆ ಹೊತ್ತಿಗೆ ಉತ್ತರ ಬರಲಿಲ್ಲ. ಆಕೆಗೆ ಉತ್ತರ ಬಾರದೆ ಹೋದದ್ದನ್ನೂ ನಾನು ಅದೊಂದೇ ಸಲ ನೋಡಿದ್ದು.

ಪ್ರಕರಣ ಅಲ್ಲಿಗೇ ಮುಗಿಯಿತು. ಕಾಗದದ ಮೇಲೆ ಒಂದಕ್ಷರ ಬೀಳಲಿಲ್ಲ. ಆ ವಾರ ಸುರಂಗ ಮುಚ್ಚಿತ್ತು. ರವಿವಾರ ಮತ್ತೆ ತೆರೆದಾಗ ಹಳೆಯ ಬೋರ್ಡಿನ ಜಾಗದಲ್ಲಿ ಹೊಸದು ಇತ್ತು: ‘ಸ್ತ್ರೀಯರಿಗೆ ಪ್ರವೇಶವಿಲ್ಲ.’ ಊರಿನ ದೊಡ್ಡ ಮನುಷ್ಯರು ಇದನ್ನು ಒಳ್ಳೆಯ ತೀರ್ಮಾನವೆಂದರು. ನಮ್ಮಪ್ಪನೂ ಅಂದರು. ಹೆಂಗಸರು ಅಂಥಲ್ಲಿ ಹೋಗುವುದೇ ಯಾಕೆ ಎಂದು ಊಟಕ್ಕೆ ಕೂತಾಗ ಕೇಳಿದರು. ವೈನಿ ಅವರ ತಾಟಿಗೆ ರೊಟ್ಟಿ ಹಾಕುತ್ತಿದ್ದಳು.

ಆ ಬೋರ್ಡು ಓದಿ ಮಾವಶಿ ಕಿಂಡಿ ಮುಚ್ಚಿದಳು. ನಡೆದು ಹೋಗಿ ಸುರಂಗದ ಬಾಯಿಯ ಮುಂದೆ ಹಳಿಯ ಮೇಲೆ ಕೂತಳು. ಟ್ರಾಲಿಯಲ್ಲಿ ಗಂಡಸರು ತುಂಬಿದ್ದರು. ಮೊದಲು ನಗೆಯಾಡಿದರು, ಆಮೇಲೆ ಬೈದರು. ಒಬ್ಬ ಮುಟ್ಟಿ ಎಬ್ಬಿಸಲು ಬಂದ, ಆಕೆ ಬರೇ ಅವನ ಕೈ ನೋಡಿದಳು, ಅವನು ಹಿಂದೆ ಸರಿದ. ಮಾಲಕ ಬಂದು, ಹೆಂಗಸರ ಮಾನಕ್ಕಾಗಿಯೇ ಹೀಗೆ ಮಾಡಿದ್ದೇನಲ್ಲ, ಇನ್ನೇನು ಬೇಕು ಎಂದ.

“ತಪ್ಪ ಮಾಡಿದಾವ್ರು ಒಳಗ, ನಾವು ಹೊರಗ. ಇದ್ಯಾವ ನ್ಯಾಯಾರೀ ಮಾಲಕ್ರ? ಆ ಬೋರ್ಡಿನ ಮ್ಯಾಲೆ ನಿಮ್ಮ ತಂಗಿ ಮಗನ ಹೆಸರ ಬರಸ್ರಿ. ನಾ ಏಳತೀನಿ.”

ಆಕೆಯ ದನಿ ಏರಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಬಿಸಿಲಿಗೆ ಹಳಿ ಕಾದು ಸೀರೆಯೊಳಗಿಂದ ಸುಡುತ್ತಿತ್ತು. ನಾನು ಅಲುಗಾಡಿದ್ದನ್ನು ನೋಡಿ, “ಸಿಟ್ಟು ಬಂದಾಗ ಮಂದಿ ಎದ್ದು ಕುಣೀತಾರ. ಅದಕ್ಕ ಸೋಲತಾರ. ಸಿಟ್ಟು ಬಂದಾಗನ ಗಟ್ಟಿ ಕುಂದರಬೇಕು” ಎಂದಳು. ಪೀರನವಾಡಿಯಿಂದ ಕಾಯಿಪಲ್ಲೆ ತರುತ್ತಿದ್ದ ಹೆಂಗಸೊಬ್ಬಳು ಸ್ವಲ್ಪ ಹೊತ್ತು ನಿಂತು ನೋಡಿದಳು. ಏನಾಯಿತೆಂದು ಕೇಳಲೂ ಇಲ್ಲ. ಮೆಂತ್ಯದ ಬುಟ್ಟಿ ಹಳಿಯ ಮೇಲಿಟ್ಟು ಅದರ ಹಿಂದೆ ಕೂತಳು. ಟಿಕೀಟಿಗೆ ಬಂದ ಇನ್ನು ಕೆಲವರು ಕೂತರು, ಕೆಲವರು ಮುಖ ತಿರುಗಿಸಿ ಹೋದರು. ಸಾಯಂಕಾಲದ ಆಟ ಶುರುವಾಗುವವರೆಗೂ ಟ್ರಾಲಿ ಕದಲಲಿಲ್ಲ. ಗಲಾಟೆ ಬೇಡವೆಂದು ಫೌಜದಾರರೇ ಸುರಂಗಕ್ಕೆ ಬೀಗ ಹಾಕಿಸಿದರು.

ಇದನ್ನು ಗೆಲುವು ಎಂದು ಹೇಳುವವರು ಇದ್ದಾರೆ. ನಾನು ಹೇಳುವುದಿಲ್ಲ. ಮಾವಶಿಯ ನೌಕರಿ ಹೋಯಿತು. ಸುರಂಗ ಮತ್ತೆ ತೆರೆದರೂ ಹೆಂಗಸರಿಲ್ಲದೆ ಮನೆಮಂದಿ ಯಾರೂ ಬರದಾಗಿ, ಮಳೆಗಾಲಕ್ಕೆ ಮೊದಲೇ ಬಿಚ್ಚಿ ಕಟ್ಟಿಗೆ ಮಾರಿದರು. ಒಬ್ಬ ಹೆಂಗಸು ಒಂದು ಧಂದೆ ಹಾಳು ಮಾಡಿದಳೆಂದು ಊರು ಮಾತಾಡಿತು. ಆ ತಂಗಿಯ ಮಗನಿಗೆ ಏನೂ ಆಗಲಿಲ್ಲ. ಅದೇ ಬೇಸಗೆಯಲ್ಲಿ ಅವನ ಮದುವೆ ಜೋರಾಗಿ ಆಯಿತು. ಮಗಳು ಫೌಜದಾರರ ಮುಂದೆ ನಿಂತು ಏನು ಹೇಳಿದ್ದಳೆಂದು ಗೊತ್ತಿದ್ದೂ ನಮ್ಮಪ್ಪ ಹೋಗಿ ಊಟ ಮಾಡಿ ಬಂದರು. ಸಂಬಂಧ ಕೆಡಿಸಿಕೊಳ್ಳಬಾರದಂತೆ. ಅಪ್ಪ ಒಳ್ಳೆಯವರು, ನನ್ನನ್ನು ಓದಿಸಿದವರು. ಅವರು ಅಂದು ತಂದ ಬುಂದಿ ಲಾಡುವನ್ನು ನಾನು ಮುಟ್ಟಲಿಲ್ಲ. ಆ ಸಿಟ್ಟು ಇನ್ನೂ ಹಾಗೇ ಇದೆ.

ಮಾವಶಿ ಖಾನಾಪುರಕ್ಕೆ ತಂಗಿಯ ಮನೆಗೆ ಹೋದಳು. ಅವರದೊಂದು ಹಿಟ್ಟಿನ ಗಿರಣಿ ಇತ್ತು, ಅದರಲ್ಲಿ ಕೂತಳು. ನಾನು ಶಾಲೆಯಲ್ಲಿ ಶಿಕ್ಷಕಿಯಾದ ಮೇಲೆ ರಜೆಯಲ್ಲಿ ರೈಲು ಹಿಡಿದು ಹೋಗಿ ನೋಡಿ ಬರುತ್ತಿದ್ದೆ. ಹುಬ್ಬು, ಕೂದಲು ಎಲ್ಲ ಹಿಟ್ಟು. ಅಲ್ಲೂ ಸಾಲು ತಪ್ಪಿಸುವ ಗಂಡಸರನ್ನು ಬೈಯುತ್ತಲೇ ಇದ್ದಳು. ಸಿನಿಮಾ ಮಾತ್ರ ಬಿಟ್ಟುಬಿಟ್ಟಿದ್ದಳು. ನಾಲ್ಕನೆಯ ಭಾಗ ಬಂದಿದೆ, ನೋಡುವುದಿಲ್ಲವೇ ಎಂದು ನಾನು ಸುಮ್ಮನೆ ಕೇಳಿದೆ. ಆಕೆ ಗಿರಣಿಯ ಪಟ್ಟಾ ಜಾರಿಸಿ, ಸದ್ದು ನಿಂತ ಮೇಲೆ ಹೇಳಿದಳು: “ಮೂರೂ ಅದೆಷ್ಟ ಸರ್ತಿ ನೋಡೇನೋ. ಸುರಂಗದಾಗ ಆಕೀನ್ನ ಎಳದಾಡೂ ಮುಂದ ಹೀರೋ ಯಾವಾಗ ಬರ್ತಾನ ಅಂತ ಮ್ಯಾಲೆ ನೋಡ್ತಿದ್ದೆ. ಆಕೀ ಮಾರಿ ಒಂದ ಸರ್ತೀನೂ ನೋಡಿರಲಿಲ್ಲ. ಮಾಲಕ ಆ ಮಾತ ಅಂದಾಗ ನನಗ ಅದ ನೆನಪಾತು.”

ನಾನು ಪಾಠ ಹೇಳುವ ಹುಡುಗಿಯರಿಗೆ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ, ಯಾರದೆಂದು ಹೇಳದೆ. ಶಾಲೆಯಲ್ಲಿ ನನ್ನನ್ನು ಸಿಟ್ಟಿನ ಟೀಚರ್‌ಬಾಯಿ ಎನ್ನುತ್ತಾರೆ. ಅನ್ನಲಿ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಕೆಗೆ ದಮ್ಮು ಹೆಚ್ಚಾಯಿತು. ಒಂದು ಚಳಿಗಾಲದಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು. ನಾನು ಹೊರಟಾಗ ವೈನಿ ತಾನೂ ಬರುತ್ತೇನೆಂದಳು, ಅಣ್ಣನೂ ಬಂದ. ಅಷ್ಟು ವರ್ಷದಲ್ಲಿ ವೈನಿ ಆ ದಿನದ ಬಗ್ಗೆ ಒಂದು ಮಾತೂ ಎತ್ತಿರಲಿಲ್ಲ. ಮಾವಶಿಯ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಖಾನಾಪುರದ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತಿದ್ದರು. ಒಬ್ಬ ಮುದುಕಿ, ಸತ್ತವಳ ಮನಸ್ಸು ಬಂಗಾರ, ಆದರೆ ಆ ಸಿಟ್ಟೊಂದು ಇರದಿದ್ದರೆ ಬೆಳಗಾವಿಯಲ್ಲಿ ಸುಖವಾಗಿ ಇರುತ್ತಿದ್ದಳು ಎಂದಳು. ಉಳಿದವರು ಹೌದೆಂದು ತಲೆಯಾಡಿಸಿದರು.

“ಆ ಸಿಟ್ಟು ನನ್ನ ಸಲುವಾಗಿ ಬಂದಿದ್ದು” ಎಂದಳು ವೈನಿ.

ಎಲ್ಲರೂ ತಿರುಗಿದರು. ವೈನಿ ತಲೆ ತಗ್ಗಿಸಲಿಲ್ಲ. ಸುರಂಗ, ನಿಂತ ಟ್ರಾಲಿ, ಹರಿದ ಜಂಪರು, ಮಾವಶಿ ಹೊದಿಸಿದ ಶಾಲು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಹೇಳುವಾಗ ಅಳಲಿಲ್ಲ. ಅಣ್ಣ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ. ಮುದುಕಿ ಸರಿದು ವೈನಿಯ ಪಕ್ಕಕ್ಕೆ ಬಂದು ಕೂತಳು.

ವಾಪಸು ಬರುವಾಗ ಸ್ಟೇಶನ್ನಿನ ಕಟ್ಟೆಯ ಮೇಲೆ ಗಾಡಿ ಕಾಯುತ್ತಿದ್ದೆವು. ಅಣ್ಣ ವೈನಿಯನ್ನು, ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಎಂದು ಕೇಳಿದ. ದನಿಯಲ್ಲಿ ನೋವಿಗಿಂತ ತಕರಾರೇ ಹೆಚ್ಚಾಗಿತ್ತು.

ವೈನಿ ಅವನ ಕಡೆ ನೇರವಾಗಿ ನೋಡಿದಳು. “ಆವತ್ತ ಹೇಳಿದ್ರ ನೀವು ಯಾರನ್ನ ಬೈತಿದ್ರಿ? ಖರೇ ಹೇಳ್ರಿ.”

ಅಣ್ಣ ಎದ್ದು ಕಟ್ಟೆಯ ಆ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ನನಗೆ ಮಾವಶಿಯನ್ನು ನೆನೆದು ಅಳು ಬಂತು, ಅವನನ್ನು ನೋಡಿ ಸಿಟ್ಟು ಬಂತು. ಎರಡನ್ನೂ ನಾನು ತಡೆಯಲಿಲ್ಲ.